ಕರ್ರ್ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಡಿ

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಗೇರ್ ಹಾಕುವಾಗ ಕರ್ರ್ ಅನ್ನುತ್ತೆ, ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ, ಏನು ಮಾಡಲಿ? ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗವೆಲ್ಲ ಆ ಪ್ರಶ್ನೆಗೆ. ಕ್ಲಚ್ ಅಂದರೇನು, ಗೇರ್ ಅಂದರೇನು ಎಂಬ ಪಾಠ ಇಲ್ಲಿಲ್ಲ. ಇಂಥ ಕಾರು ಓಡಿಸುವವರಿಗೆ ಅಷ್ಟು ಗೊತ್ತೇ ಇರುತ್ತದೆ.

ಪ್ರಶ್ನೆ: ನನ್ನದು 1991ರ ಮಾಜ್ದಾ ಎಂಎಕ್ಸ್-5. ವಾರಕ್ಕೊಮ್ಮೆ ತೆಗೆಯುತ್ತೇನೆ. ಬೆಳಿಗ್ಗೆ ಚೆನ್ನಾಗಿರುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಆಮೇಲೆ ಫಸ್ಟ್ ಗೇರ್ ಬೀಳುವುದೇ ಇಲ್ಲ. ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ. ಸಿಂಕ್ರೋ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಒಪ್ಪಿಕೊಳ್ಳಲೇ?
(ಜಯನಗರದ ಓದುಗರು)

ಉತ್ತರ: ಒಪ್ಪಿಕೊಳ್ಳಬೇಡಿ ಸರ್. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ.

ಸಿಂಕ್ರೋ ಅಂದರೆ ಗೇರ್ ಬೀಳುವ ಮೊದಲು ಎರಡು ಕಡೆಯ ವೇಗ ಸರಿಹೊಂದಿಸುವ ರಿಂಗ್. ಅದು ಸವೆದಿದ್ದರೆ ಕಾರು ಓಡುವಾಗ ಯಾವುದೋ ಒಂದು ಗೇರ್ ಕಿರುಚುತ್ತದೆ. ಹೆಚ್ಚಾಗಿ ಅದು ಸೆಕೆಂಡ್. ಅದೂ ಬೆಳಿಗ್ಗೆ, ಗೇರ್ ಆಯಿಲ್ ತಣ್ಣಗೆ ಗಟ್ಟಿಯಾಗಿರುವಾಗ ಜಾಸ್ತಿ. ನಿಮ್ಮದು ಪೂರ್ತಿ ಉಲ್ಟಾ. ಕಾರು ನಿಂತಿದೆ, ಬಿಸಿಯಾಗಿದೆ, ತೊಂದರೆ ಇರುವುದು ಫಸ್ಟ್ ಮತ್ತು ರಿವರ್ಸ್‌ನಲ್ಲಿ. ಅಂದರೆ ನೀವು ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಂಜಿನ್ ಸ್ವಲ್ಪ ಸ್ವಲ್ಪ ಗೇರ್‌ಬಾಕ್ಸನ್ನು ತಿರುಗಿಸುತ್ತಲೇ ಇದೆ. ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲು ತಾಗಿಸಿದರೆ ಕರ್ರ್ ಅನ್ನದೆ ಇನ್ನೇನು? ಅದರಲ್ಲಿ ಗೇರ್‌ಬಾಕ್ಸಿನ ತಪ್ಪು ಏನೂ ಇಲ್ಲ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ನೀವೇ ನೋಡಿ. ಕಾರು ಬಿಸಿಯಿರುವಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಬೆಣ್ಣೆಯ ಹಾಗೆ ಬೀಳುತ್ತವೆ, ಅಲ್ವಾ? ಈಗ ಎಂಜಿನ್ ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲೇ ಪೆಡಲ್ ಪೂರ್ತಿ ಒತ್ತಿ ಹಿಡಿದು ಹತ್ತು ಎಣಿಸಿ. ಅಷ್ಟರಲ್ಲಿ ಒಳಗಿನ ಶಾಫ್ಟ್ ತಿರುಗುವುದು ನಿಲ್ಲಬೇಕು. ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಬಹುತೇಕ ಹಳೆಯ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ. ಹಾಗಾಗಿ ಅದು ಏನನ್ನೂ ಮುಚ್ಚಿಡುವುದಿಲ್ಲ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಬಿಡುತ್ತಿಲ್ಲ. ತೆಪ್ಪಗೆ ಬಿದ್ದರೆ ಕ್ಲಚ್ ಸರಿಯಿದೆ, ಆಗ ಸಿಂಕ್ರೋ ಮಾತಾಡೋಣ.

ಇನ್ನೊಂದು ಪರೀಕ್ಷೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ, ಕೆಳಗಿರುವ ಸ್ಲೇವ್ ಸಿಲಿಂಡರ್ ಆ ಒತ್ತಡದಲ್ಲಿ ಕ್ಲಚ್ ಬಿಡಿಸುತ್ತದೆ. ಗೇರ್ ಬೀಳದಿದ್ದಾಗ ಪೆಡಲನ್ನು ಮೂರ್ನಾಲ್ಕು ಸಲ ಬೇಗ ಬೇಗ ಪಂಪ್ ಮಾಡಿ, ಒತ್ತಿ ಹಿಡಿದು ಗೇರ್ ಹಾಕಿ. ಈಗ ಬಿತ್ತು ಅಂದರೆ ಆಯಿಲ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನೊಳಗಿನ ರಬ್ಬರ್ ವಾಷರ್ ಸವೆದಿದೆ. ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೂ, ಗೇರಿನಲ್ಲಿ ನಿಂತ ಕಾರು ತಾನಾಗಿ ಮುಂದಕ್ಕೆ ತೆವಳಿದರೂ ಮಾಸ್ಟರ್ ಸಿಲಿಂಡರಿನ ಮೇಲೆ ಅನುಮಾನ ಪಡಿ.

ಈಗ ಕಾರಿನ ಕೆಳಗೆ ಹೋಗಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ತಲೆ ಹಾಕಬೇಡಿ. ನಮ್ಮ ಗ್ಯಾರೇಜಿನಲ್ಲೇ ಒಮ್ಮೆ ಜಾಕ್ ಜಾರಿತ್ತು. ಹುಡುಗ ಸ್ಪ್ಯಾನರ್ ತರಲು ಆಗಷ್ಟೇ ಎದ್ದು ಹೋಗಿದ್ದ, ಅದಕ್ಕೆ ಉಳಿದ. ಗಟ್ಟಿ ಸ್ಟ್ಯಾಂಡ್ ಇಲ್ಲ, ಪಿಟ್ ಇಲ್ಲ ಅಂದರೆ ಈ ಕೆಲಸ ಮನೆಯಲ್ಲಿ ಬೇಡವೇ ಬೇಡ.

ನಿಮ್ಮ ಕಾರಿನಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಬಲಗಡೆ, ಹೊರಗೇ ಇದೆ. ಎರಡು ಬೋಲ್ಟು, ಒಂದು ಪೈಪು, ಅಷ್ಟೇ. ಅದರ ತುದಿಯಲ್ಲಿ ಒಂದು ರಬ್ಬರ್ ಬೂಟ್ ಇರುತ್ತದೆ. ಅದನ್ನು ಉಗುರಿನಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಸಿ. ಒಳಗೆ ಒಣಗಿರಬೇಕು. ಕಪ್ಪಗೆ, ಡಿಕಾಕ್ಷನ್ ಬಣ್ಣದ ಬ್ರೇಕ್ ಆಯಿಲ್ ಅಂಗೈ ಮೇಲೆ ತೊಟ್ಟಿಕ್ಕಿದರೆ ಸ್ಲೇವ್ ಸಿಲಿಂಡರ್ ಹೋಗಿದೆ. ಈ ಕಾರುಗಳಲ್ಲಿ ಅದು ಮಾಮೂಲಿ ರೋಗ. ಆಯಿಲ್ ನೆಲಕ್ಕೆ ಬೀಳುವ ಮೊದಲು ಬೂಟಿನೊಳಗೇ ತುಂಬಿಕೊಳ್ಳುವುದರಿಂದ ಎಷ್ಟೋ ಜನರಿಗೆ ಲೀಕ್ ಇದೆ ಅಂತಲೇ ಗೊತ್ತಾಗುವುದಿಲ್ಲ.

ಬೂಟ್ ಒಣಗಿದೆಯಾ? ಹಾಗಾದರೆ ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಿಸಿ. ಎಂಜಿನ್ ಆಫ್ ಇರಲಿ. ಸ್ಲೇವ್‌ನಿಂದ ಹೊರಬರುವ ಪುಶ್ ರಾಡ್ ಎಷ್ಟು ಓಡುತ್ತದೆ ಎಂದು ಸ್ಕೇಲ್ ಇಟ್ಟು ಅಳೆಯಿರಿ. ಅರ್ಧ ಇಂಚಿನ ಆಸುಪಾಸು ಓಡಬೇಕು. ಕಾಲು ಇಂಚಿಗೇ ನಿಂತರೆ ಕ್ಲಚ್ ಬಿಡುವುದು ಹೇಗೆ? ಹಾಗೇ ಪೆಡಲ್ ಒತ್ತಿಸುತ್ತಾ ರಬ್ಬರ್ ಹೋಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೂವತ್ತು ವರ್ಷದ ಹೋಸ್ ಬೆರಳ ನಡುವೆ ಉಬ್ಬುವುದು ಗೊತ್ತಾಗುತ್ತದೆ. ಕಾಲಿನ ಒತ್ತಡವೆಲ್ಲ ಹೋಸ್ ಊದುವುದಕ್ಕೇ ಖರ್ಚಾಗಿ, ಸ್ಲೇವ್‌ಗೆ ತಲುಪುವುದು ಉಳಿದಷ್ಟು. ಬಿಸಿಯಲ್ಲಿ ರಬ್ಬರ್ ಇನ್ನೂ ಮೆತ್ತಗಾಗುತ್ತದೆ, ಆಯಿಲ್ ತೆಳುವಾಗಿ ಸವೆದ ವಾಷರ್ ಪಕ್ಕದಿಂದ ನುಸುಳುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ನೂರು ಸಲ ಪೆಡಲ್ ತುಳಿದ ಮೇಲೆ ನಿಮ್ಮ ಕಾರು ಕೈಕೊಡುವುದು ಇದಕ್ಕೇ.

ಇದೇ ಹೋಸ್ ಗೊತ್ತಾಗದೆ ಒಂದು ಕಾರಿನ ಗೇರ್‌ಬಾಕ್ಸನ್ನು ಎರಡು ಸಲ ಇಳಿಸಿದ್ದನ್ನು ನೋಡಿದ್ದೇನೆ. ಎರಡು ಸಲವೂ ಹೊಸ ಸಿಂಕ್ರೋ ರಿಂಗ್ ಹಾಕಿದ್ದರು. ಮೂರನೇ ಸಲ ಕಾರು ನಮ್ಮ ಹತ್ತಿರ ಬಂತು. ಬಿಚ್ಚಿ ಪಕ್ಕಕ್ಕಿಟ್ಟಿದ್ದ ಹಳೆಯ ರಿಂಗ್‌ಗಳನ್ನು ಮಾಲೀಕರು ಒಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಒಂದರ ಹಲ್ಲೂ ಸವೆದಿರಲಿಲ್ಲ. ಆ ಮನುಷ್ಯನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಬರೆಯುವುದು.

ರಿಪೇರಿ ಮಾಡುವಾಗ ಸ್ಲೇವ್, ಮಾಸ್ಟರ್, ಹೋಸ್ ಮೂರನ್ನೂ ಒಟ್ಟಿಗೇ ಬದಲಿಸಿ. ಒಂದನ್ನು ಹೊಸದು ಮಾಡಿದರೆ ಇನ್ನೊಂದು ಹಳೆಯದು ಸ್ವಲ್ಪ ದಿನದಲ್ಲೇ ಕೈಕೊಡುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ "ಇದೇ ಸೈಜು ಸರ್, ಕೂತ್ಕೊಳ್ಳುತ್ತೆ" ಎಂದು ಕೈಗೆ ಹಾಕುವ ವಾಷರ್ ತರಬೇಡಿ. ನೋಡಲು ಎಲ್ಲ ರಬ್ಬರೂ ಒಂದೇ ಥರ ಇರುತ್ತದೆ. ಸಿಲಿಂಡರಿನ ಅಳತೆ ನೋಡಿ, ಪಾರ್ಟ್ ನಂಬರ್ ನೋಡಿ ತರಿಸಿ. ತಡವಾದರೂ ಪರವಾಗಿಲ್ಲ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದ್ದು ಸಾಕು. ಡಾಟ್ 5 ಬೇಡ, ಅದು ಸಿಲಿಕೋನ್, ಇವುಗಳ ಜೊತೆ ಸೇರುವುದಿಲ್ಲ. ಎಂಜಿನ್ ಆಯಿಲ್ ತಪ್ಪಿಯೂ ಹಾಕಬೇಡಿ. ರಬ್ಬರ್ ಊದಿಕೊಂಡು ಎಲ್ಲ ವಾಷರೂ ಹಾಳಾಗುತ್ತದೆ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರಲ್ಲಿ ತೊಳೆಯಿರಿ.

ಪುಶ್ ರಾಡ್ ಪೂರ್ತಿ ಓಡುತ್ತಿದೆ, ಗಾಳಿ ಇಲ್ಲ, ಆದರೂ ಹತ್ತು ಎಣಿಸಿದ ಮೇಲೆ ಕರ್ರ್ ಅನ್ನುತ್ತಿದೆ. ಆಗ ಮಾತ್ರ ಗೇರ್‌ಬಾಕ್ಸ್ ಇಳಿಸಲು ಒಪ್ಪಿ. ಆಗಲೂ ಹುಡುಕಬೇಕಾದದ್ದು ಕ್ಲಚ್ ಕಡೆಯೇ: ಎಂಜಿನ್ ತುದಿಯ ಫ್ಲೈವೀಲ್ ಚಕ್ರದ ನಡುವೆ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಹಿಡಿದುಕೊಂಡಿದೆಯಾ, ಕ್ಲಚ್ ಪ್ಲೇಟ್ ಬಾಗಿದೆಯಾ, ಕ್ಲಚ್ ಬಿಡಿಸುವ ಫೋರ್ಕ್ ಬಿರುಕು ಬಿಟ್ಟಿದೆಯಾ, ಪ್ಲೇಟ್ ಶಾಫ್ಟಿನ ಮೇಲೆ ಸಲೀಸಾಗಿ ಜಾರುತ್ತಿದೆಯಾ. ಮಳೆಗಾಲ ಪೂರ್ತಿ ಬೇಸ್‌ಮೆಂಟ್‌ನಲ್ಲಿ ನಿಂತ ಕಾರಿನಲ್ಲಿ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೇ ಅಂಟಿಕೊಂಡದ್ದೂ ಉಂಟು. ಗೇರಿನಲ್ಲೇ ಸ್ಟಾರ್ಟ್ ಮಾಡಿ ಜರ್ಕ್ ಕೊಟ್ಟು ಬಿಡಿಸಿ ಎಂದು ಯಾರಾದರೂ ಹೇಳಿದರೆ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆ ಸಾಹಸ ಬೇಡ. ಮಕ್ಕಳು ಓಡಾಡುವ ಜಾಗ ಅದು.

ಕೊನೆಗೆ, ನಿಜವಾಗಿ ಸಿಂಕ್ರೋ ಹೋದದ್ದು ಗೊತ್ತಾಗುವುದು ಹೇಗೆ? ಕರ್ರ್ ಅನ್ನುವ ಗೇರಿಗೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಡಿ, ಕೆಳಗಿನ ಗೇರಾದರೆ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಮತ್ತೆ ಒತ್ತಿ ಗೇರ್ ಹಾಕಿ. ಹಳೆಯ ಲಾರಿ ಡ್ರೈವರ್‌ಗಳು ಮಾಡುತ್ತಿದ್ದದ್ದು ಇದನ್ನೇ. ಸದ್ದು ಮಾಯವಾದರೆ ಆ ಗೇರಿನ ಸಿಂಕ್ರೋ ಸವೆದಿದೆ. ಇನ್ನೂ ಅನುಮಾನ ಇದ್ದರೆ ಗೇರ್ ಆಯಿಲ್ ಒಂದು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಚಿನ್ನದ ಪುಡಿಯ ಹಾಗೆ ತುಂಬಾ ಮಿನುಗಿದರೆ ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ಹೊಸ ಆಯಿಲ್ ಹಾಕುವಾಗ 75ಡಬ್ಲ್ಯು-90 ದಪ್ಪದ, ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ. "ಜಿಎಲ್-5 ಇನ್ನೂ ಸ್ಟ್ರಾಂಗ್ ಸರ್" ಎಂದು ಮಾರುವವರ ಮಾತು ಕೇಳಬೇಡಿ. ಅದರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯನ್ನು ತಿನ್ನಬಹುದು. ಆಯಿಲ್ ಜಾಸ್ತಿ ನುಣುಪಾದರೆ ಸಿಂಕ್ರೋಗೆ ಹಿಡಿತವೂ ಸಿಗುವುದಿಲ್ಲ. ಜಿಎಲ್-5 ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ, ಅಲ್ಲೇ ಇರಲಿ.

ಪ್ರಶ್ನೆ: 1965ರ ಎಂಜಿಬಿ. ನಿಧಾನವಾಗಿ ಓಡುವಾಗ ಫಸ್ಟ್‌ಗೆ ಹಾಕಿದರೆ ಕರ್ರ್ ಅನ್ನುತ್ತದೆ. (ಮಲ್ಲೇಶ್ವರ)

ಉತ್ತರ: ನಿಮ್ಮ ಕಾರಿನ ಫಸ್ಟ್ ಗೇರಿಗೆ ಸಿಂಕ್ರೋ ಇಲ್ಲವೇ ಇಲ್ಲ. ಎಂಜಿಬಿಗೆ ಅದು ಬಂದದ್ದು 1967ರ ಕೊನೆಗೆ. ಪೂರ್ತಿ ನಿಂತ ಮೇಲೆ ಹಾಕಿ. ಆ ಗೇರ್‌ಬಾಕ್ಸಿಗೆ 20ಡಬ್ಲ್ಯು-50 ಎಂಜಿನ್ ಆಯಿಲ್ಲೇ ಹಾಕಬೇಕು, ಗೇರ್ ಆಯಿಲ್ ಅಲ್ಲ.

ಪ್ರಶ್ನೆ: ಕ್ಲಚ್ ಸ್ಲಿಪ್ ಆಗುತ್ತಿದೆ. ಬೆಲ್ ಹೌಸಿಂಗ್ (ಕ್ಲಚ್ ಇರುವ ಕವಚ) ಒಳಗೆ ಕೋಲಾ ಸುರಿದರೆ ಹಿಡಿಯುತ್ತದಂತೆ, ನಿಜವೇ? (ಯಲಹಂಕ)

ಉತ್ತರ: ಸುಳ್ಳು. ಪ್ಲೇಟ್ ಬದಲಿಸಿ, ಎಂಜಿನ್ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ನೋಡಿ.

ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಗರಗರ ಸದ್ದು, ಪೆಡಲ್ ಒತ್ತಿದರೆ ನಿಲ್ಲುತ್ತದೆ. ಕ್ಲಚ್ ಬದಲಿಸಬೇಕೇ? (ರಾಜಾಜಿನಗರ)

ಉತ್ತರ: ಬೇಡ. ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಪೆಡಲ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್.

ಪ್ರಶ್ನೆ: ಪೋರ್ಷೆ 944ರ ಕ್ಲಚ್ ಎರಡು ಗಂಟೆಯಲ್ಲಿ ಹಾಕಿಕೊಡುತ್ತೇನೆ ಅಂತಿದ್ದಾರೆ. ಕೊಡಲೇ? (ಇಂದಿರಾನಗರ)

ಉತ್ತರ: ಕೊಡಬೇಡಿ. ಆ ಕಾರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ನಡುವೆ ಉದ್ದನೆಯ ಟ್ಯೂಬ್. ಕ್ಲಚ್ ಇರುವುದು ಮುಂದೆ, ಎಂಜಿನ್ ಕಡೆ. ಹಿಂದಿನ ಗೇರ್‌ಬಾಕ್ಸ್ ಇಳಿಸಿ ಟ್ಯೂಬ್ ಹಿಂದಕ್ಕೆ ಸರಿಸದೆ ಕ್ಲಚ್ ಕೈಗೆ ಸಿಗುವುದಿಲ್ಲ. ಎರಡು ಗಂಟೆ ಅಂದವರು ಆ ಕಾರು ಬಿಚ್ಚಿ ನೋಡಿಲ್ಲ. ಹಳೆಯ ಪ್ಲೇಟ್ ನಡುವೆ ರಬ್ಬರ್ ಇರುವಂಥದ್ದಾದರೆ ಅದು ವಯಸ್ಸಾಗಿ ಕಿತ್ತುಬರುತ್ತದೆ. ಸ್ಪ್ರಿಂಗ್ ಇರುವ ಪ್ಲೇಟ್ ತರಿಸಿ ಹಾಕಿಸಿ. ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಕೂಡ ಅದೇ ಸಲ ಬದಲಿಸಿ ಎಂದು ಬರೆದು ಕೊಡಿ. ಬಿಚ್ಚಿದ ಹಳೆಯ ಸಾಮಾನೆಲ್ಲ ವಾಪಸ್ ಕೇಳಿ ತೆಗೆದುಕೊಳ್ಳಿ.