ಇನ್ನೊಂದು ಪ್ರಮಾಣಪತ್ರವೇ, ಇನ್ನೊಂದು ಹೊಣೆಯೇ?

ಈ ಸಂಚಿಕೆಗೆ ಆಯ್ದುಕೊಂಡ ನಾಲ್ಕು ಪತ್ರಗಳು ಬೇರೆ ಬೇರೆ ವೃತ್ತಿಗಳಲ್ಲಿರುವವರಿಂದ ಬಂದಿವೆ. ಆದರೂ ಪದವಿ ಪಡೆದ ಮಹಿಳೆಯರು ನಾಯಕತ್ವದ ಹುದ್ದೆಗೆ ಏರುವಾಗ ಮತ್ತು ಏರಿದ ಮೇಲೆ ಮುಂದುವರಿಕೆಯ ಕಲಿಕೆಯಿಂದ ನಿಜಕ್ಕೂ ಏನು ದೊರೆಯುತ್ತದೆ ಎಂಬುದೇ ನಾಲ್ವರ ಪ್ರಶ್ನೆಯೂ ಆಗಿರುವುದರಿಂದ ಅವುಗಳನ್ನು ಒಟ್ಟಿಗೆ ಇಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಪದವೀಧರೆ. 14 ವರ್ಷಗಳಿಂದ ಒಂದೇ ಸಂಸ್ಥೆಯಲ್ಲಿದ್ದು ಈಗ ಒಂದು ತಂಡವನ್ನು ನಡೆಸುತ್ತಿದ್ದೇನೆ. ವಿಭಾಗದ ಮುಖ್ಯಸ್ಥರ ಹುದ್ದೆ ಎರಡು ಸಲ ನನ್ನ ಕೈತಪ್ಪಿತು. ‘ನೀವು ಇನ್ನೂ ಸ್ವಲ್ಪ ಬೆಳೆಯಬೇಕು’ ಎಂಬುದಷ್ಟೇ ನನಗೆ ದೊರೆತ ಕಾರಣ. ಈಗಾಗಲೇ ಐದು ಸರ್ಟಿಫಿಕೇಟ್ ಕೋರ್ಸುಗಳನ್ನು ಮುಗಿಸಿದ್ದೇನೆ. ಎರಡು ವರ್ಷದ ನಿರ್ವಹಣಾ ಪದವಿಗೆ ಸೇರುವುದು ಒಳ್ಳೆಯದೇ?

ಉತ್ತರ: ಸೇರುವ ಮೊದಲು ನಿಮ್ಮ ಮೇಲಧಿಕಾರಿಗಳ ಎದುರು ಕುಳಿತು, ಆ ಹುದ್ದೆಯಲ್ಲಿರುವವರು ಮಾಡುವ ಯಾವ ಕೆಲಸವನ್ನು ನಾನು ಇಂದು ಮಾಡಲಾರೆ ಎಂದು ನಿಮಗೆ ಅನ್ನಿಸುತ್ತದೆ, ಎಂದು ಕೇಳಿ. ‘ವಾರ್ಷಿಕ ಬಜೆಟ್ ರೂಪಿಸಿದ ಅನುಭವ ನಿಮಗಿಲ್ಲ’ ಎಂಬಂಥ ಉತ್ತರ ಬಂದರೆ ಅದು ಕಲಿತು ತುಂಬಬಹುದಾದ ಕೊರತೆ. ‘ಹಾಗಲ್ಲ, ಒಟ್ಟಾರೆಯಾಗಿ…’ ಎಂದು ಮಾತು ತೇಲಿಹೋದರೆ, ಯಾವ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೂ ಅದಕ್ಕೆ ಮದ್ದಿಲ್ಲ. ಏಕೆಂದರೆ ಅಲ್ಲಿ ಕೊರತೆಯಿರುವುದು ನಿಮ್ಮ ತಿಳಿವಳಿಕೆಯಲ್ಲಲ್ಲ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಅಮೆರಿಕದ ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರಿಕೆಗೆ ಪರಿಗಣಿಸಲಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಸಂಸ್ಥೆಗೆ ಬಹುದೊಡ್ಡ ಸರ್ಕಾರಿ ಗುತ್ತಿಗೆಯೊಂದು ದೊರೆಯುವಲ್ಲಿ ಅವರ ಪಾತ್ರ ಮುಖ್ಯವಾಗಿತ್ತು. ಆದರೂ ಅವರ ವಿಷಯವನ್ನು ತಡೆಹಿಡಿಯಲಾಯಿತು. ಮುಂದಿನ ಸಲ ಅವಕಾಶ ಸಿಗಬೇಕಾದರೆ ನಡಿಗೆ, ಮಾತು, ಉಡುಪು ಹೆಚ್ಚು ಹೆಣ್ತನದಿಂದ ಕೂಡಿರಲಿ, ಪ್ರಸಾಧನ ಬಳಸಿ, ಕೇಶವಿನ್ಯಾಸ ಮಾಡಿಸಿಕೊಳ್ಳಿ, ಆಭರಣ ತೊಡಿ ಎಂಬ ಸಲಹೆ ಅವರಿಗೆ ಬಂತು. ಅದನ್ನು ಕೊಟ್ಟವರು ಅವರ ಹಿತಚಿಂತಕರೇ ಆಗಿದ್ದರೆಂಬುದು ಈ ಪ್ರಕರಣದ ವಿಶೇಷ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೆಣ್ಣು ಹೀಗೆಯೇ ಇರಬೇಕೆಂಬ ಸಿದ್ಧ ಕಲ್ಪನೆಯ ಮೇಲೆ ಉದ್ಯೋಗದ ನಿರ್ಧಾರ ಕೈಗೊಳ್ಳುವುದೂ ತಾರತಮ್ಯವೇ ಎಂದು ಹೇಳಿತು. ಹಾಪ್ಕಿನ್ಸ್ ಆ ನಡುವೆ ಇನ್ನೂ ಮೂರು ಕೋರ್ಸುಗಳನ್ನು ಮುಗಿಸಿದ್ದರೆ ಅವರ ವಿಷಯದಲ್ಲಿ ಏನೂ ಬದಲಾಗುತ್ತಿರಲಿಲ್ಲ.

ನಿಮ್ಮ ಸಂಸ್ಥೆಯಲ್ಲೂ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಪತ್ರವನ್ನು ಓದಿ ಅಂಥ ತೀರ್ಪು ಕೊಡುವುದು ಸರಿಯಲ್ಲ. ಆದರೆ ಐದು ಸರ್ಟಿಫಿಕೇಟುಗಳ ನಂತರವೂ ಆರನೆಯದರತ್ತ ಮನಸ್ಸು ಹೊರಳುತ್ತಿದೆ ಎಂದರೆ, ಕೋರ್ಸು ಕಲಿಕೆಯ ಸಾಧನವಾಗಿ ಉಳಿಯದೆ, ಕಷ್ಟದ ಮಾತುಕತೆಯೊಂದನ್ನು ಮುಂದೂಡುವ ಸಭ್ಯ ಉಪಾಯವಾಗಿದೆಯೇ ಎಂದು ನೀವೇ ನೋಡಿಕೊಳ್ಳಬೇಕು. ಚೆನ್ನಾಗಿ ಓದಿ ಒಳ್ಳೆಯ ಅಂಕ ಪಡೆದು ಬೆಳೆದವರಿಗೆ ಪರೀಕ್ಷಾ ಕೊಠಡಿಯಷ್ಟು ನ್ಯಾಯವಾದ ಜಾಗ ಬೇರೊಂದಿಲ್ಲ. ಅಲ್ಲಿ ಪ್ರಶ್ನೆ ಎಲ್ಲರಿಗೂ ಒಂದೇ, ಬರೆದದ್ದಕ್ಕೆ ಅಂಕ ಬಂದೇ ಬರುತ್ತದೆ. ಬಡ್ತಿಯ ಕೋಣೆ ಹಾಗಲ್ಲ. ಅಲ್ಲಿ ನಿಮ್ಮ ಕುರಿತು ಮಾತು ನಡೆಯುವಾಗ ನೀವು ಇರುವುದಿಲ್ಲ. ನಿಮ್ಮ ಹೆಸರನ್ನು ಮುಂದಿಟ್ಟು, ಅಗತ್ಯ ಬಿದ್ದರೆ ನಿಮಗಾಗಿ ವಾದಿಸುವವರೊಬ್ಬರು ಅಲ್ಲಿ ಇರಬೇಕಾಗುತ್ತದೆ. ನಿರ್ವಹಣಾ ಶಾಸ್ತ್ರದ ಪ್ರಾಧ್ಯಾಪಕಿ ಹರ್ಮಿನಿಯಾ ಇಬಾರಾ ಮತ್ತು ಅವರ ಸಹಲೇಖಕರು 2010ರಲ್ಲಿ ಪ್ರಕಟಿಸಿದ ಲೇಖನವೊಂದು ಗುರುತಿಸಿದ್ದು ಇದನ್ನೇ: ಮಹಿಳೆಯರಿಗೆ ಸಲಹೆ ಕೊಡುವ ಮಾರ್ಗದರ್ಶಕರು ಸಿಗುತ್ತಾರೆ, ಆದರೆ ತಮ್ಮ ಪ್ರಭಾವವನ್ನು ಅವರಿಗಾಗಿ ಬಳಸುವ ಹಿರಿಯರು ಪುರುಷರಿಗೆ ಸಿಕ್ಕಷ್ಟು ಸಿಗುವುದಿಲ್ಲ.

ಹಾಗಾದರೆ ಪದವಿ ವ್ಯರ್ಥವೇ? ಖಂಡಿತ ಅಲ್ಲ. ಮೇರಿ ಬಾರಾ 1980ರಲ್ಲಿ, ತಮ್ಮ 18ನೇ ವಯಸ್ಸಿನಲ್ಲಿ, ಓದುತ್ತಲೇ ಅಮೆರಿಕದ ಕಾರು ತಯಾರಿಕಾ ಕಂಪನಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯಲ್ಲಿ ಕೆಲಸ ಆರಂಭಿಸಿದವರು. ಎಂಜಿನಿಯರಿಂಗ್ ಮುಗಿಸಿದ ಮೇಲೆ ಕಂಪನಿಯ ಫೆಲೋಶಿಪ್‌ನ ನೆರವಿನಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ 1990ರಲ್ಲಿ ಎಂ.ಬಿ.ಎ. ಪಡೆದರು. ಆ ಓದಿನ ನಂತರ ಅವರ ಕೈಗೆ ಬಂದ ಹೊಣೆಗಳನ್ನು ಗಮನಿಸಿ: ಒಂದು ಜೋಡಣಾ ಕಾರ್ಖಾನೆಯ ಆಡಳಿತ, 2009ರಲ್ಲಿ ಮಾನವ ಸಂಪನ್ಮೂಲ ವಿಭಾಗ, 2011ರಲ್ಲಿ ಉತ್ಪನ್ನ ಅಭಿವೃದ್ಧಿ, 2014ರ ಜನವರಿಯಲ್ಲಿ ಇಡೀ ಕಂಪನಿ. ಎಂಜಿನಿಯರೊಬ್ಬರಿಗೆ ಮಾನವ ಸಂಪನ್ಮೂಲ ವಿಭಾಗವು ಮೇಲ್ನೋಟಕ್ಕೆ ಅಡ್ಡದಾರಿಯಂತೆ ಕಾಣುತ್ತದೆ. ಆದರೆ ಸಂಸ್ಥೆಯ ಒಟ್ಟು ನಡೆ ತಿಳಿಯುವುದು ಇಂಥ ಅಡ್ಡ ಹೆಜ್ಜೆಗಳಿಂದಲೇ. ಆದ್ದರಿಂದ ನೀವು ಪದವಿಗೆ ಸೇರುವುದೇ ಆದರೆ, ಅದರೊಂದಿಗೆ ನಿಮಗೆ ಅಭ್ಯಾಸವಿಲ್ಲದ ಒಂದು ಹೊಣೆಯನ್ನು, ಬಜೆಟ್ಟನ್ನೋ ಹೊಸ ಘಟಕವನ್ನೋ, ಬರಹದಲ್ಲಿ ಕೇಳಿ ಪಡೆಯಿರಿ. ಎರಡರಲ್ಲಿ ಒಂದೇ ಸಾಧ್ಯ ಎಂದಾದರೆ ನಾನು ಹೊಣೆಯನ್ನು ಆರಿಸಿಕೊಳ್ಳುತ್ತೇನೆ.

ಪ್ರಶ್ನೆ: ಮಕ್ಕಳು ಚಿಕ್ಕವರಿದ್ದಾಗ ಉದ್ಯೋಗ ಬಿಟ್ಟು ಏಳು ವರ್ಷವಾಯಿತು. ಬಿಡುವಾಗ ನಾನು ಸಾಫ್ಟ್‌ವೇರ್ ಯೋಜನೆಯೊಂದರ ಮುಖ್ಯಸ್ಥೆಯಾಗಿದ್ದೆ. ಈಗ ಮರಳಿದರೆ ಹೊಸಬರ ಜೊತೆ ಮೊದಲ ಮೆಟ್ಟಿಲಿನಲ್ಲಿ ನಿಲ್ಲಬೇಕೇ? ನನ್ನ ಪದವಿಗೆ ಈಗ ಬೆಲೆ ಇದೆಯೇ?

ಉತ್ತರ: ನಿಮ್ಮ ವೃತ್ತಿಯಲ್ಲಿ ಬೇಗ ಹಳತಾಗುವುದು ಉಪಕರಣ. ಭಾಷೆ, ಚೌಕಟ್ಟು, ಕೆಲಸದ ಕ್ರಮ, ಇವೆಲ್ಲ ಏಳು ವರ್ಷಗಳಲ್ಲಿ ಖಂಡಿತ ಬದಲಾಗಿವೆ ಮತ್ತು ಅವುಗಳನ್ನು ಹೊಸದಾಗಿ ಕಲಿಯದೆ ಬೇರೆ ದಾರಿಯಿಲ್ಲ. ಅದರಲ್ಲಿ ಸಂಕೋಚವೂ ಬೇಡ. ಆದರೆ ಗ್ರಾಹಕರು ಕೇಳಿದ್ದಕ್ಕೂ ಅವರಿಗೆ ಬೇಕಾದದ್ದಕ್ಕೂ ಇರುವ ಅಂತರವನ್ನು ಅರಿಯುವುದು, ಗಡುವು ಮೀರಲಿರುವ ಸೂಚನೆಯನ್ನು ಎರಡು ತಿಂಗಳ ಮೊದಲೇ ಕಾಣುವುದು, ತಂಡದಲ್ಲಿ ಮೌನವಾಗಿರುವವರಿಂದ ಮಾತು ಹೊರಡಿಸುವುದು, ಇವು ಅಷ್ಟು ಬೇಗ ಹಳತಾಗುವುದಿಲ್ಲ. ಅರ್ಜಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಿರಿ: ಯಾವುದನ್ನು ಹೊಸದಾಗಿ ಕಲಿತಿದ್ದೀರಿ, ಯಾವುದು ನಿಮ್ಮಲ್ಲಿ ಆಗಲೇ ಇದೆ.

ನಿಮ್ಮದೇ ಕ್ಷೇತ್ರದ ಹಿರಿಯರೊಬ್ಬರ ಉದಾಹರಣೆ ಇಲ್ಲಿ ಸಲ್ಲುತ್ತದೆ. ಬ್ರಿಟನ್ನಿನ ಸ್ಟೆಫನಿ ಶರ್ಲಿ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ದುಡಿಯುತ್ತಲೇ ಸಂಜೆ ತರಗತಿಗಳಲ್ಲಿ ಓದಿ ಗಣಿತದ ಪದವಿ ಪಡೆದವರು. 1962ರಲ್ಲಿ ಅವರು ಆರಂಭಿಸಿದ ಸಾಫ್ಟ್‌ವೇರ್ ಕಂಪನಿ, ಮಕ್ಕಳಿಗಾಗಿ ಕೆಲಸ ಬಿಟ್ಟ ನಿಮ್ಮಂಥ ಮಹಿಳೆಯರನ್ನೇ ಹುಡುಕಿ, ಮನೆಯಿಂದಲೇ ದುಡಿಯುವ ಏರ್ಪಾಡು ಮಾಡಿತು. ಮೊದಲ 300 ಮಂದಿ ಸಿಬ್ಬಂದಿಯಲ್ಲಿ ಪುರುಷರು ಮೂವರೇ. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಸಂಬಂಧಿಸಿದ ಪ್ರೋಗ್ರಾಮಿಂಗ್ ಕೂಡ ಅವರಿಂದ ನಡೆಯಿತು. ತಮ್ಮ ಹೆಸರಿನಲ್ಲಿ ಬರೆದ ವ್ಯವಹಾರದ ಪತ್ರಗಳಿಗೆ ಉತ್ತರ ಬಾರದಿದ್ದಾಗ ಶರ್ಲಿ ‘ಸ್ಟೀವ್’ ಎಂದು ಸಹಿ ಹಾಕತೊಡಗಿದರು, ಉತ್ತರಗಳು ಬರತೊಡಗಿದವು. (ಪತ್ರದ ಒಳಗಿನ ಗಣಿತ ಎರಡು ಸಲವೂ ಅದೇ ಆಗಿತ್ತು.)

ಕಾಗದದ ಅರ್ಹತೆಯೇ ಬಾಗಿಲಾಗಿರುವ ವೃತ್ತಿಗಳೂ ಇವೆ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಕಾದಂಬಿನಿ ಗಂಗೂಲಿ 1883ರಲ್ಲಿ ಚಂದ್ರಮುಖಿ ಬಸು ಅವರೊಂದಿಗೆ ಭಾರತದ ಮೊದಲ ಮಹಿಳಾ ಪದವೀಧರೆಯರಲ್ಲೊಬ್ಬರಾಗಿ ಪದವಿ ಪಡೆದು, 1886ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಓದು ಮುಗಿಸಿದರು. ಆದರೆ ಅವರಿಗೆ ದೊರೆತದ್ದು ಪೂರ್ಣ ಎಂ.ಬಿ. (ವೈದ್ಯಕೀಯ) ಪದವಿಯಾಗಿರಲಿಲ್ಲ. ಆ ಕೊರತೆಯನ್ನು ಮುಂದಿಟ್ಟು ಯಾರೂ ತಮ್ಮನ್ನು ಕೆಳಗಿಡಬಾರದೆಂದು ಅವರು 1893ರಲ್ಲಿ, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಸ್ಕಾಟ್ಲೆಂಡಿಗೆ ಹೋಗಿ ಹೆಚ್ಚಿನ ವೈದ್ಯಕೀಯ ಅರ್ಹತೆಯೊಂದಿಗೆ ಮರಳಿದರು. ವೈದ್ಯಕೀಯ, ಕಾನೂನು, ಲೆಕ್ಕಪರಿಶೋಧನೆಯಂಥ ಕಡೆಗಳಲ್ಲಿ ಇಂದಿಗೂ ಅರ್ಹತೆಯ ಪಟ್ಟಿ ಮೊದಲು, ವಾದ ಆಮೇಲೆ. ನಿಮ್ಮ ಕ್ಷೇತ್ರದಲ್ಲಿ ಹಾಗಿಲ್ಲ. ಈಚಿನ ಉಪಕರಣದಲ್ಲಿ ಮಾಡಿ ತೋರಿಸಿದ ಒಂದು ಸಣ್ಣ ಕೆಲಸಕ್ಕೆ ಮೂರು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಕವಿದೆ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಮಹಿಳೆಯರಿಗೆಂದೇ ನಾಯಕತ್ವ ತರಬೇತಿ ನಡೆಯುತ್ತದೆ. ಪುರುಷ ನೌಕರನಾಗಿ ಕೇಳುತ್ತೇನೆ: ಕಲಿಕೆಯಲ್ಲಿ ಈ ಪ್ರತ್ಯೇಕತೆ ಏಕೆ?

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಗಟ್ಟಿಯಾಗಿ ಮಾತಾಡಿ’ ಎಂದು ಎರಡು ದಿನ ಬೋಧಿಸಿ ಕಳುಹಿಸುವ ತರಬೇತಿಗಳ ಬಗ್ಗೆ ನನಗೂ ಅಷ್ಟು ಗೌರವವಿಲ್ಲ. ಕುಣಿಯಲಾರದವರು ನೆಲ ಡೊಂಕು ಎಂದರೆಂದು ನಾವು ನಗುತ್ತೇವೆ. ನೆಲ ನಿಜವಾಗಿಯೂ ಡೊಂಕಿರುವಾಗ ಕುಣಿಯುವವರಿಗೆ ಮತ್ತಷ್ಟು ತಾಲೀಮು ಕೊಡುವುದು ಅದಕ್ಕಿಂತ ನಗೆಪಾಟಲಿನ ಸಂಗತಿ. ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಯಾರಾದರೊಬ್ಬರು ಮಾಡಲೇಬೇಕಾದ ಆದರೆ ಮಾಡಿದವರಿಗೆ ಲಾಭ ಕಡಿಮೆಯಿರುವ ಕೆಲಸಕ್ಕೆ, ಮಿಶ್ರ ಗುಂಪುಗಳಲ್ಲಿ ಮಹಿಳೆಯರೇ ಹೆಚ್ಚಾಗಿ ಮುಂದಾದರು. ಗುಂಪಿನಲ್ಲಿ ಬರೀ ಪುರುಷರಿದ್ದಾಗಲೂ ಬರೀ ಮಹಿಳೆಯರಿದ್ದಾಗಲೂ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂದರೆ ಇದು ಸ್ವಭಾವದ ಮಾತಲ್ಲ, ಯಾರು ಮಾಡುತ್ತಾರೆ ಎಂಬ ಎಲ್ಲರ ನಿರೀಕ್ಷೆಯ ಮಾತು. ಸಭೆಯ ನಡಾವಳಿ ಬರೆಯುವುದು, ಬೀಳ್ಕೊಡುಗೆ ಏರ್ಪಡಿಸುವುದು, ಹೊಸಬರಿಗೆ ದಾರಿ ತೋರಿಸುವುದು ಯಾರ ಪಾಲಿಗೆ ಬರುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಒಂದು ತಿಂಗಳು ಲೆಕ್ಕವಿಟ್ಟು ನೋಡಿ. ಆ ತರಬೇತಿಗೆ ಪುರುಷರೂ ಬೇಕೆಂದು ಆಗ ನೀವೇ ಹೇಳುವಿರಿ.

ಇನ್ನರ್ಧ ಸತ್ಯ ಒಟ್ಟು ಸೇರುವಿಕೆಯಲ್ಲಿದೆ. ಬ್ರಿಟನ್ನಿನ ಅಧ್ಯಾಪಕಿಯರಾದ ಕ್ಯಾರೊಲಿನ್ ಸ್ಪರ್ಜನ್ ಮತ್ತು ರೋಸ್ ಸಿಜ್ವಿಕ್, ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಡೀನ್ ಆಗಿದ್ದ ವರ್ಜಿನಿಯಾ ಗಿಲ್ಡರ್‌ಸ್ಲೀವ್ ಅವರೊಂದಿಗೆ ಮೊದಲ ಮಹಾಯುದ್ಧದ ಕೊನೆಯಲ್ಲಿ ನಡೆಸಿದ ಮಾತುಕತೆಯಿಂದ 1919ರಲ್ಲಿ ವಿಶ್ವವಿದ್ಯಾಲಯ ಮಹಿಳೆಯರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಆಗ ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಅದು 1920ರಲ್ಲಿ ಮಣಿಯಿತು, ಕೇಂಬ್ರಿಜ್ 1948ರವರೆಗೆ ಕಾಯಿಸಿತು. ಇಂದು ಗ್ರ್ಯಾಜುಯೇಟ್ ವಿಮೆನ್ ಇಂಟರ್‌ನ್ಯಾಷನಲ್ ಎಂದು ಕರೆಯಲಾಗುವ ಆ ಒಕ್ಕೂಟ ವಿದ್ಯಾರ್ಥಿವೇತನಗಳ ಜೊತೆಗೆ, ಒಂದೇ ಬಗೆಯ ಗೋಡೆಯನ್ನು ಬೇರೆ ಬೇರೆ ದೇಶಗಳಲ್ಲಿ ಎದುರಿಸಿದವರಿಗೆ ಪರಸ್ಪರ ಪರಿಚಯವನ್ನೂ ಒದಗಿಸಿತು. ಪುರುಷರಿಗೆ ಇಂಥ ಪರಿಚಯ ಪ್ರತ್ಯೇಕ ಹೆಸರಿಲ್ಲದೆಯೇ ದೊರೆಯುತ್ತಾ ಬಂದಿದೆ; ಅದನ್ನು ಯಾರೂ ತರಬೇತಿ ಎಂದು ಕರೆದಿಲ್ಲ, ಅಷ್ಟೆ.

ಪ್ರಶ್ನೆ: ನನಗೆ 52 ವರ್ಷ. ದೊಡ್ಡ ಆಸ್ಪತ್ರೆಯೊಂದರ ವಿಭಾಗವನ್ನು ನಡೆಸುತ್ತೇನೆ. ಹೊಸ ತಂತ್ರಜ್ಞಾನ, ಹಣಕಾಸಿನ ಲೆಕ್ಕಗಳ ಮುಂದೆ ತಡವರಿಸುತ್ತೇನೆ. ಕಿರಿಯರನ್ನು ಕೇಳಿದರೆ ಗೌರವ ಕಡಿಮೆಯಾದೀತೆಂಬ ಭಯ. ತರಗತಿಗೆ ಹೋಗಲು ಸಮಯವಿಲ್ಲ. ಇಷ್ಟು ವರ್ಷಗಳ ಅನುಭವವೇ ಸಾಲದೇ?

ಉತ್ತರ: ಸಾಲದು. ಇದನ್ನು ಒರಟಾಗಿ ಹೇಳಿದ್ದಕ್ಕೆ ನಿಮ್ಮ ವೃತ್ತಿಯೇ ಆಧಾರ ಕೊಡುತ್ತದೆ. ವೈದ್ಯರ ಅನುಭವಕ್ಕೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧದ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳು ವರ್ಷಗಳು ಹೆಚ್ಚಿದಂತೆ ಗುಣಮಟ್ಟ ತಗ್ಗುವುದನ್ನು ತೋರಿಸಿದ್ದವು. ಹಳೆಯ ಅಭ್ಯಾಸ ಕೈಗೆ ಸುಲಭವಾಗಿ ಬರುತ್ತದೆ, ಹಿರಿಯರಾದವರನ್ನು ತಿದ್ದುವವರೂ ಕಡಿಮೆಯಾಗುತ್ತಾರೆ. ನಿಮ್ಮ ಭಯವೇ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ.

ಕ್ಯಾಥರೀನ್ ಗ್ರಹಾಂ 1938ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಪದವೀಧರೆ. 1963ರಲ್ಲಿ ಪತಿ ತೀರಿಕೊಂಡ ಮೇಲೆ ವಾಷಿಂಗ್ಟನ್ ಪೋಸ್ಟ್ ಕಂಪನಿಯ ಹೊಣೆ ಅವರ ಮೇಲೆ ಬಿತ್ತು. ಪತ್ರಿಕೆಯ ಒಳಹೊರಗು ಗೊತ್ತಿತ್ತು. ಕಂಪನಿಯ ಲೆಕ್ಕ ಗೊತ್ತಿರಲಿಲ್ಲ. ಹೂಡಿಕೆದಾರ ವಾರೆನ್ ಬಫೆಟ್ 1974ರಲ್ಲಿ ನಿರ್ದೇಶಕ ಮಂಡಳಿಗೆ ಬಂದ ಮೇಲೆ, ಬೇರೆ ಕಂಪನಿಗಳ ವಾರ್ಷಿಕ ವರದಿಗಳನ್ನು ತಂದು ಅವರಿಗೆ ಓದುವುದನ್ನು ಕಲಿಸಿದರು. ಆಗ ಗ್ರಹಾಂ ಅವರ ವಯಸ್ಸು ಐವತ್ತು ದಾಟಿತ್ತು. ವಿಯೆಟ್ನಾಂ ಯುದ್ಧದ ಕುರಿತ ಅಮೆರಿಕ ಸರ್ಕಾರದ ರಹಸ್ಯ ಕಡತಗಳಾದ ಪೆಂಟಗನ್ ದಾಖಲೆಗಳನ್ನು ಪ್ರಕಟಿಸುವ ನಿರ್ಧಾರವನ್ನು 1971ರಲ್ಲೇ ಕೈಗೊಂಡಿದ್ದ ಅವರಿಗೆ ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿರಲಿಲ್ಲ. ಲೆಕ್ಕ ಅರ್ಥವಾಗಬೇಕಾಗಿತ್ತು, ಆದ್ದರಿಂದ ಕಲಿತರು.

ನೀವು ಮಾಡಬಹುದಾದದ್ದೂ ಅದೇ ಜಾತಿಯದು. ತರಗತಿಯನ್ನು ಮರೆತುಬಿಡಿ. ನಿಮ್ಮ ವಿಭಾಗದ ಕಳೆದ ತಿಂಗಳ ಖರ್ಚಿನ ಪಟ್ಟಿಯನ್ನು ಹಣಕಾಸು ವಿಭಾಗದವರ ಜೊತೆ ಕುಳಿತು ಸಾಲು ಸಾಲಾಗಿ ಓದಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಹೊಸ ಯಂತ್ರವನ್ನು ಚೆನ್ನಾಗಿ ಬಲ್ಲ ಕಿರಿಯ ವೈದ್ಯರನ್ನು ‘ಇದನ್ನು ನನಗೆ ತೋರಿಸಿ’ ಎಂದು ಎಲ್ಲರೆದುರು, ಮುಚ್ಚಿದ ಬಾಗಿಲ ಹಿಂದೆ ಅಲ್ಲ, ಕೇಳಿ. ಮುಖ್ಯಸ್ಥೆಯೇ ಕೇಳುವುದನ್ನು ಕಂಡ ವಿಭಾಗದಲ್ಲಿ, ಔಷಧಿಯ ಪ್ರಮಾಣದ ಬಗ್ಗೆ ಅನುಮಾನ ಬಂದ ಹೊಸ ದಾದಿಯೂ ಬಾಯಿ ಬಿಟ್ಟು ಕೇಳುತ್ತಾಳೆ. ಇದಲ್ಲದೆ, ವಾರಕ್ಕೊಮ್ಮೆ ನೀವು ಕೈಗೊಂಡ ಒಂದು ಮುಖ್ಯ ನಿರ್ಧಾರವನ್ನೂ ಅದರಿಂದ ಏನಾಗಬಹುದೆಂಬ ನಿಮ್ಮ ಊಹೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಆರು ತಿಂಗಳ ನಂತರ ತೆರೆದು ನೋಡಿ. ನಿಮ್ಮ ಊಹೆ ಎಲ್ಲಿ ಪದೇ ಪದೇ ತಪ್ಪಿದೆಯೋ, ಮುಂದಿನ ಆರು ತಿಂಗಳು ಕಲಿಯಬೇಕಾದದ್ದು ಅದನ್ನೇ.