ಒಬ್ಬ ಖಳನಾಯಕ ಸಾಕಾ, ಮೇಷ್ಟ್ರೇ?

(ನಮ್ಮ ಪತ್ರಿಕೆಯಲ್ಲಿ ಬರುತ್ತಿರುವ ರಾಜಕೀಯ ಥ್ರಿಲ್ಲರ್ ಧಾರಾವಾಹಿಯ ಬಗ್ಗೆ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇದು:

“ಟಿವಿ ಚಾನೆಲ್ಲಿನ ಮಾಲೀಕ ಒಬ್ಬ, ಪ್ರಚಾರ ಕಂಪನಿಯವನು ಇನ್ನೊಬ್ಬ. ಇಬ್ಬರೂ ಒಂದು ಕೋಣೆಯಲ್ಲಿ ಕೂತು, ಗಡಿಯ ಶಾಲೆಗೆ ಶತ್ರುಗಳು ಬೆಂಕಿ ಇಟ್ಟರು ಅಂತ ಸುಳ್ಳು ವಿಡಿಯೊ ಮಾಡುತ್ತಾರೆ. ವಾರದೊಳಗೆ ಯುದ್ಧ ಶುರು. ಇದು ಅತಿಯಾಯಿತು. ದೇಶ ನಡೆಸುವವರು ಅಷ್ಟು ದಡ್ಡರೇ? ನನ್ನ ಅಣ್ಣನ ಮಗ ಸೇನೆಯಲ್ಲಿದ್ದಾನೆ. ಹುಡುಗರು ಗಡಿಯಲ್ಲಿ ನಿಂತಿರುವಾಗ, ಯುದ್ಧವೆಲ್ಲ ಸುಳ್ಳಿನಿಂದ ಹುಟ್ಟುತ್ತದೆ ಎನ್ನುವ ಕಥೆ ಯಾಕೆ ಬೇಕು? ನಿಲ್ಲಿಸಿದರೆ ಒಳ್ಳೆಯದು.”)

ಮೇಷ್ಟ್ರೇ, ನಮಸ್ಕಾರ.

ಈ ಧಾರಾವಾಹಿಗೆ ಬಂದಷ್ಟು ಪತ್ರ ಈಚೆಗೆ ಬೇರೆ ಯಾವುದಕ್ಕೂ ಬಂದಿಲ್ಲ. ಎಲ್ಲರೂ ನಿಮ್ಮ ಹಾಗೆ ಸಿಟ್ಟಾಗಿಲ್ಲ. ಸಾಗರದ ಒಬ್ಬರು “ಇದರಲ್ಲಿ ಥ್ರಿಲ್ ಏನಿದೆ, ರಾತ್ರಿ ಟಿವಿ ಹಾಕಿದರೆ ಇದೇ ಕಾಣುತ್ತದಲ್ಲ” ಅಂತ ಬರೆದಿದ್ದಾರೆ. ಶಿವಮೊಗ್ಗದ ಕಾಲೇಜು ಹುಡುಗರಿಗೆ ಕಥೆ ತುಂಬಾ ನಿಧಾನವಂತೆ. ಹೊಸನಗರ ಕಡೆಯಿಂದ ಬಂದ ಪತ್ರ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲಿ ಅಡಿಕೆ ಸುಲಿಯುವಾಗ ಒಬ್ಬರು ಗಟ್ಟಿಯಾಗಿ ಓದುತ್ತಾರಂತೆ, ಉಳಿದವರು ಕೈ ನಿಲ್ಲಿಸದೆ ಕೇಳುತ್ತಾರಂತೆ. ಅವರಿಗೆ ಯುದ್ಧದ ಚಿಂತೆ ಅಷ್ಟಿಲ್ಲ. ಆ ಶಾಲೆ ಮುಚ್ಚಿ ಎಷ್ಟೋ ಕಾಲವಾಯಿತು ಎಂದು ಗೊತ್ತಿದ್ದೂ ಮಾತಾಡಲಾಗದ ಸಬ್ ಎಡಿಟರ್ ಹುಡುಗಿ ಇದ್ದಾಳಲ್ಲ, ಅವಳ ಕೆಲಸ ಉಳಿಯುತ್ತದಾ ಅನ್ನುವುದೇ ಚಿಂತೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಕಥೆ ಅತಿಯಾಯಿತು ಎಂದಿರಿ. ನನಗೆ ಅನ್ನಿಸಿದ್ದು ಬೇರೆ. ನಿಜವಾಗಿ ನಡೆದದ್ದರ ಮುಂದೆ ಈ ಕಥೆ ಸಪ್ಪೆ.

1990ರ ಅಕ್ಟೋಬರ್ 10. ಇರಾಕ್ ಕುವೈತನ್ನು ಆಕ್ರಮಿಸಿ ಎರಡು ತಿಂಗಳಾಗಿತ್ತು. ವಾಷಿಂಗ್ಟನ್‌ನಲ್ಲಿ ಸಂಸದರ ಒಂದು ಮಾನವ ಹಕ್ಕು ಗುಂಪಿನ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಅಳುತ್ತಾ ಹೇಳಿಕೆ ಕೊಟ್ಟಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು, ನಾನೇ ಕಣ್ಣಾರೆ ಕಂಡೆ ಎಂದಳು. ಅವಳ ಪೂರ್ತಿ ಹೆಸರು ಹೇಳಲಿಲ್ಲ. ಮನೆಯವರಿಗೆ ಅಪಾಯ ಅಂತ ಕಾರಣ ಕೊಟ್ಟರು. ಅದು ಸಂಸತ್ತಿನ ಅಧಿಕೃತ ಸಮಿತಿ ಅಲ್ಲವಾದ್ದರಿಂದ ಪ್ರಮಾಣ ಮಾಡಿಸಲೂ ಇಲ್ಲ. ಅಧ್ಯಕ್ಷ ಬುಷ್ ಆ ಮಾತನ್ನು ಮತ್ತೆ ಮತ್ತೆ ಎತ್ತಿದರು. ಸೆನೆಟರ್‌ಗಳು ಎತ್ತಿದರು. 1991ರ ಜನವರಿ 12ರಂದು ಸೆನೆಟ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಪರವಾಗಿ 52, ವಿರುದ್ಧ 47. ಮೂರು ಮತ ಆ ಕಡೆ ಹೋಗಿದ್ದರೆ ಒಪ್ಪಿಗೆಯೇ ಸಿಗುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ, 1992ರ ಜನವರಿಯಲ್ಲಿ, ವಿಷಯ ಹೊರಬಿತ್ತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಹೇಳಿಕೆಯ ಏರ್ಪಾಟಿನ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿ ಇತ್ತು. ಅದಕ್ಕೆ ಹೋದ ದುಡ್ಡು ಬಹುಪಾಲು ಕುವೈತ್ ಸರ್ಕಾರದ್ದು. ಇನ್‌ಕ್ಯುಬೇಟರ್ ಕಥೆಗೆ ಪುರಾವೆ ಸಿಗಲಿಲ್ಲ.

ಇಲ್ಲಿ ಖಳನಾಯಕ ಯಾರು ಹೇಳಿ? ಕಂಪನಿಯೇ ಅನ್ನಬಹುದು. ಆದರೆ ಕಂಪನಿ ದುಡ್ಡು ತಗೊಂಡು ತನ್ನ ಕೆಲಸ ಮಾಡಿತು, ಅಷ್ಟೇ. ಹುಡುಗಿ ಯಾರು ಅಂತ ಒಬ್ಬ ವರದಿಗಾರ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಮ್ನೆಸ್ಟಿಯಂಥ ಮಾನವ ಹಕ್ಕು ಸಂಸ್ಥೆ ಕೂಡ 1990ರ ಡಿಸೆಂಬರ್‌ನ ವರದಿಯಲ್ಲಿ ಶಿಶುಗಳ ಸಾವನ್ನು ಬರೆಯಿತು, ಮುಂದಿನ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. ಅವರಿಗೇನು ಯುದ್ಧ ಬೇಕಿತ್ತಾ? ಇಲ್ಲ. ಸದ್ದಾಂನ ಸೈನಿಕರು ಕುವೈತಿನಲ್ಲಿ ಕೊಂದದ್ದು, ಹಿಂಸೆ ಕೊಟ್ಟದ್ದು ನಿಜವೇ ಆಗಿತ್ತು. ಅಷ್ಟು ಮಾಡಿದವರು ಇದನ್ನೂ ಮಾಡಿರುತ್ತಾರೆ ಅಂತ ಎಲ್ಲರಿಗೂ ಅನ್ನಿಸಿತು. ಸುಳ್ಳು ನಿಜದ ಹೆಗಲ ಮೇಲೆ ಕೂತು ಬಂತು.

ಧಾರಾವಾಹಿಯ ಮೇಲೆ ನನಗಿರುವ ತಕರಾರು ಇದೇ. ನಿಮ್ಮದಕ್ಕೆ ತೀರಾ ಉಲ್ಟಾ. ಸುಳ್ಳಿಗೆ ಕಥೆಗಾರರು ಒಂದು ಕೋಣೆ ಕೊಟ್ಟಿದ್ದಾರೆ, ಒಂದು ಸೋಫಾ ಕೊಟ್ಟಿದ್ದಾರೆ, ಕೈಯಲ್ಲಿ ಗ್ಲಾಸ್ ಹಿಡಿದ ಒಬ್ಬ ಮಾಲೀಕನನ್ನು ಕೊಟ್ಟಿದ್ದಾರೆ. ಓದುಗರಿಗೆ ಅದು ಆರಾಮ. ಅವನೊಬ್ಬ ಸಿಕ್ಕಿಬಿದ್ದರೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆ ವಿಡಿಯೊ ನೋಡಿ, ಅನುಮಾನ ಬಂದರೂ, “ಪಕ್ಕದ ಚಾನೆಲ್‌ನವರು ಹಾಕಿಬಿಟ್ಟರು, ನಾವೂ ಹಾಕೋಣ” ಎನ್ನುವ ಶಿಫ್ಟ್ ಇನ್‌ಚಾರ್ಜ್‌ಗೆ ಸಿಕ್ಕಿರುವುದು ಎರಡೇ ಸಾಲು. ಕಥೆ ಇರುವುದೇ ಅವನಲ್ಲಿ!

ನೀವು ಇತಿಹಾಸದವರು, 1898ರ ಕಥೆ ಗೊತ್ತೇ ಇರುತ್ತದೆ. ಆಗ ಸ್ಪೇನ್ ಕೈಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಸ್ಪೇನ್‌ನವರೇ ಮಾಡಿದ್ದು ಅಂತ ನ್ಯೂಯಾರ್ಕಿನ ಪತ್ರಿಕೆಗಳು ಬೊಬ್ಬೆ ಹಾಕಿದವು, ಎರಡು ತಿಂಗಳಲ್ಲಿ ಯುದ್ಧ ಬಂತು. ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ 1976ರಲ್ಲಿ ಮತ್ತೆ ಪರಿಶೀಲಿಸಿದಾಗ, ಹಡಗಿನೊಳಗಿನ ಕಲ್ಲಿದ್ದಲಿಗೆ ಹತ್ತಿದ ಬೆಂಕಿಯೇ ಕಾರಣ ಇರಬಹುದು ಎಂದರು. ಇದರ ಜೊತೆಗೆ ಇನ್ನೊಂದು ಕಥೆ ಓಡಾಡುತ್ತದೆ. ‘ಇಲ್ಲಿ ಯುದ್ಧ ಆಗುವ ಲಕ್ಷಣ ಇಲ್ಲ’ ಎಂದ ಚಿತ್ರಕಾರನಿಗೆ ಪತ್ರಿಕೆಯ ಒಡೆಯ ಹರ್ಸ್ಟ್ ತಂತಿ ಕೊಟ್ಟನಂತೆ: ನೀನು ಚಿತ್ರ ಕಳಿಸು, ಯುದ್ಧ ನಾನು ಒದಗಿಸುತ್ತೇನೆ. ಆ ತಂತಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಹರ್ಸ್ಟ್ ಅದನ್ನು ಅಲ್ಲಗಳೆದಿದ್ದ. ಪತ್ರಿಕೆಗಳು ಸುಳ್ಳು ಹೇಳುತ್ತವೆ ಅಂತ ತೋರಿಸಲು ನಾವೆಲ್ಲ ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಗೇ ಆಧಾರ ಇಲ್ಲ ನೋಡಿ. ಯಾಕೆ ಹಬ್ಬಿತು? ಅದರಲ್ಲೂ ಒಬ್ಬ ಖಳನಾಯಕ ಇದ್ದಾನೆ, ಅದಕ್ಕೆ.

ವಿಯೆಟ್ನಾಂ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1964ರ ಆಗಸ್ಟ್ 4ರ ರಾತ್ರಿ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಉತ್ತರ ವಿಯೆಟ್ನಾಂನವರಿಂದ ಎರಡನೇ ದಾಳಿ ಆಯಿತು ಎಂದರು. ಅಂಥ ದಾಳಿ ನಡೆದಿರಲಿಲ್ಲ. ಕೆಟ್ಟ ಹವೆ, ರಾಡಾರಿನಲ್ಲಿ ಏನೇನೋ ನೆರಳು. ಅಲ್ಲಿದ್ದ ಕ್ಯಾಪ್ಟನ್ನೇ ಕೆಲವು ಗಂಟೆಗಳಲ್ಲಿ ಅನುಮಾನ ತಿಳಿಸಿದ್ದ. ಮೂರು ದಿನದಲ್ಲಿ ಅಧ್ಯಕ್ಷರಿಗೆ ಪೂರ್ತಿ ಅಧಿಕಾರ ಸಿಕ್ಕಿತು, ಸೆನೆಟ್‌ನಲ್ಲಿ ಬೇಡ ಎಂದವರು ಇಬ್ಬರೇ. ವಿಡಿಯೊ ಬೇಕಾಗಲೇ ಇಲ್ಲ.

ದೂರದ್ದು ಸಾಕು. 2025ರ ಮೇ 8ರ ರಾತ್ರಿ ನೀವೂ ಟಿವಿ ಮುಂದೆ ಇದ್ದಿರಬೇಕು. ಪಹಲ್ಗಾಮ್‌ನ ದುಃಖ ನಮ್ಮ ಜಿಲ್ಲೆಯನ್ನೂ ಮುಟ್ಟಿತ್ತು, ಎಲ್ಲರ ಹೊಟ್ಟೆಯಲ್ಲೂ ಕಿಚ್ಚಿತ್ತು. ಆ ರಾತ್ರಿ ಹಲವು ಚಾನೆಲ್‌ಗಳು ಕರಾಚಿ ಬಂದರನ್ನು ನಮ್ಮ ನೌಕಾಪಡೆ ಉಡಾಯಿಸಿತು ಎಂದವು. ಹಾಗೇನೂ ಆಗಿರಲಿಲ್ಲ. ಬೇರೆ ದೇಶದ ಹಳೇ ವಿಡಿಯೊ, ಕಂಪ್ಯೂಟರ್ ಗೇಮಿನ ತುಣುಕು ಎಲ್ಲ ಯುದ್ಧದ ದೃಶ್ಯವಾಗಿ ಫೋನಿಂದ ಫೋನಿಗೆ ಹರಿದವು. ಆ ಕಡೆಯೂ ಇದೇ ನಡೆಯಿತು. ಇದಕ್ಕೆ ಸೋಫಾದ ಮೇಲೆ ಕೂತ ಮಾಲೀಕ ಬೇಕಾ? ಮಂಡಿಯಲ್ಲಿ ರೇಟು ಬಿತ್ತಂತೆ ಎಂದು ಬೆಳಗ್ಗೆ ಒಬ್ಬ ಅಂದರೆ, ಇನ್ನೊಬ್ಬ ಹೆದರಿ ಮಾಲು ತಂದು ಹಾಕುತ್ತಾನೆ, ಅವನನ್ನು ನೋಡಿ ಮತ್ತೊಬ್ಬ, ಸಂಜೆಗೆ ರೇಟು ನಿಜವಾಗಿಯೂ ಬಿದ್ದಿರುತ್ತದೆ. ಮೊದಲು ಹೇಳಿದವನನ್ನು ಹುಡುಕಿ ಏನು ಪ್ರಯೋಜನ?

1971ರ ಯುದ್ಧದ ಹೊತ್ತಿನಲ್ಲಿ ನಮ್ಮ ಕಡೆಯವರು ಭದ್ರಾವತಿ ಆಕಾಶವಾಣಿ ಹಚ್ಚಿ ವಾರ್ತೆಯ ಹೊತ್ತಿಗೆ ಕಾಯುತ್ತಿದ್ದರು. ವಾರ್ತೆ ಮುಗಿದರೆ ಮುಗಿಯಿತು, ಮುಂದಿನ ವಾರ್ತೆಯವರೆಗೆ ತೋಟದ ಕೆಲಸ. ಆಗ ಎಲ್ಲ ಸತ್ಯವೇ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅದು ಸರ್ಕಾರದ ರೇಡಿಯೊ. ಆದರೆ ತುಂಬಿಸಲೇಬೇಕಾದ ಇಪ್ಪತ್ನಾಲ್ಕು ಗಂಟೆ ಅವರಿಗೆ ಇರಲಿಲ್ಲ. ಹೊಸ ಸುದ್ದಿ ಇಲ್ಲದಿದ್ದರೆ ಸುಮ್ನೆ ಹಾಡು ಹಾಕುತ್ತಿದ್ದರು.

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಅದನ್ನು ಹಗುರವಾಗಿ ತಗೊಂಡಿಲ್ಲ. ಯುದ್ಧವೆಲ್ಲ ಸುಳ್ಳಿನಿಂದ ಹುಟ್ಟುತ್ತದೆ ಅಂತ ಧಾರಾವಾಹಿ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ. ಕುವೈತಿನ ಮೇಲೆ ಬಿದ್ದ ಸೈನ್ಯ ನಿಜ, ಪಹಲ್ಗಾಮ್‌ನಲ್ಲಿ ಹಾರಿದ ಗುಂಡು ನಿಜ. ಆದರೆ ಸುದ್ದಿಯವರ ಅವಸರದ ಪೆಟ್ಟು ಮೊದಲು ಬೀಳುವುದು ಅಂಥ ಹುಡುಗರಿಗೇ. 2025ರ ಏಪ್ರಿಲ್ 26ರಂದು ಕೇಂದ್ರದ ವಾರ್ತಾ ಇಲಾಖೆ ಸೇನೆಯ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬೇಡಿ ಎಂದು ಸೂಚನೆ ಕೊಟ್ಟಿತು. ಅದರಲ್ಲಿ ಕಾರ್ಗಿಲ್, ಕಂದಹಾರ್ ಮತ್ತು ಮುಂಬೈ ದಾಳಿಯ ಉದಾಹರಣೆ ತೆಗೆದು, ಎಲ್ಲೆ ಇಲ್ಲದ ವರದಿಯಿಂದ ತೊಂದರೆಯಾಗಿತ್ತು ಎಂದು ನೆನಪಿಸಿತ್ತು. ಹದಿನೈದು ದಿನ ಕಳೆಯುವುದರೊಳಗೆ ಆ ಕರಾಚಿಯ ರಾತ್ರಿ ಬಂತು.

ಆಮೇಲೆ ತಪ್ಪೊಪ್ಪಿಗೆಗಳು ಬರುತ್ತವೆ, ಸಣ್ಣ ದನಿಯಲ್ಲಿ. 2003ರ ಇರಾಕ್ ಯುದ್ಧಕ್ಕೆ ಮುಂಚೆ, ಅಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬ ಸುದ್ದಿಗಳನ್ನು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಹಾಕಿತ್ತು. ಅವನ್ನು ಇನ್ನಷ್ಟು ಪರೀಕ್ಷಿಸಬೇಕಿತ್ತು ಎಂಬ ಸಂಪಾದಕರ ಮಾತು 2004ರ ಮೇ 26ರಂದು ಬಂತು, ಒಳಗಿನ ಹತ್ತನೇ ಪುಟದಲ್ಲಿ. ಪುಟ ಕಟ್ಟುವ ಕೆಲಸ ಮಾಡುವವನಾಗಿ ಹೇಳುತ್ತೇನೆ, ಯಾವುದು ಯಾವ ಪುಟಕ್ಕೆ ಹೋಗುತ್ತದೆ ಎನ್ನುವುದು ಯಾವತ್ತೂ ಆಕಸ್ಮಿಕ ಅಲ್ಲ.

ಆದ್ದರಿಂದ ಧಾರಾವಾಹಿ ನಿಲ್ಲಿಸುವುದಿಲ್ಲ, ಮೇಷ್ಟ್ರೇ. ಇನ್ನು ಮೂರೇ ಕಂತು ಬಾಕಿ. ನಿಮ್ಮ ಪೂರ್ತಿ ಪತ್ರವನ್ನೂ ನನ್ನ ತಕರಾರನ್ನೂ ಕಥೆಗಾರರಿಗೆ ಕಳಿಸಿದ್ದೆ. ನಿಮಗೆ ಬೇರೆಯಾಗಿ ಬರೆಯುತ್ತಾರಂತೆ. ನನಗೆ ಮಾತ್ರ ಫೋನಿನಲ್ಲೇ ಉತ್ತರ ಸಿಕ್ಕಿತು: “ಥ್ರಿಲ್ಲರ್‌ಗೆ ಒಂದು ಮುಖ ಬೇಕು ಸಾರ್, ಎಲ್ಲರೂ ಸ್ವಲ್ಪ ಸ್ವಲ್ಪ ತಪ್ಪಿತಸ್ಥರು ಅಂದ್ರೆ ಯಾರು ಓದ್ತಾರೆ?” ಶಿಫ್ಟ್ ಇನ್‌ಚಾರ್ಜ್‌ಗೆ ಒಂದು ಅಧ್ಯಾಯ ಕೊಡಿ ಅಂತ ಎಷ್ಟು ಕೇಳಿದರೂ ಅರ್ಧ ಪುಟಕ್ಕೆ ಒಪ್ಪಿದ್ದಾರೆ. ಹೊಸನಗರದವರಿಗೂ ಒಂದು ಮಾತು: ಆ ಹುಡುಗಿಯ ಕೆಲಸದ ವಿಷಯ ಮುಂದಿನ ವಾರವೇ ಗೊತ್ತಾಗುತ್ತದೆ.

— ಸಂಪಾದಕ