ಸೂಜಿ ದಾರ: ದಾನದ ಬಟ್ಟೆ, ದುಡ್ಡಿನ ಚೀಲ

ಹೋದ ಸಂಚಿಕೆಯಲ್ಲಿ ಮೈಸೂರಿನ ನಮ್ಮ ಸರಸ್ವತಿಪುರಂ ಹೊಲಿಗೆ ಗುಂಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಜನ ಕೊಟ್ಟ ಬಟ್ಟೆಯಲ್ಲಿ ಚೀಲ ಹೊಲಿದು ಮಾರುತ್ತೇವೆ. ಉಳಿದ ದುಡ್ಡಿನಲ್ಲಿ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್, ಜಾಮಿಟ್ರಿ ಬಾಕ್ಸ್ ಕೊಡಿಸುತ್ತೇವೆ. ಇಷ್ಟು ಬರೆದದ್ದಕ್ಕೇ ಪತ್ರದ ಮೇಲೆ ಪತ್ರ ಬಂದಿದೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. "ಇದನ್ನೆಲ್ಲ ಯೂಟ್ಯೂಬ್ ನೋಡಿ ಕಲೀಬಹುದಲ್ವಾ?" ಎಂದು ಕೇಳಿದವರಿಗೆ ಇಲ್ಲೇ ಉತ್ತರ: ಧಾರಾಳವಾಗಿ ಕಲೀಬಹುದು.

ಅಪಾರ್ಟ್‌ಮೆಂಟಿನಲ್ಲಿ 'ಹಳೆ ಬಟ್ಟೆ ಕೊಡಿ' ಎಂದು ಬೋರ್ಡು ಹಾಕಿದೆವು. ಮೂಟೆಗಟ್ಟಲೆ ಬಂದಿದೆ. ಅರ್ಧಕ್ಕರ್ಧ ಬ್ಲೌಸ್ ಪೀಸು, ಉಳಿದದ್ದು ಏನೇನೋ. ಎಲ್ಲಿಂದ ಶುರು ಮಾಡುವುದು?
– ಮಹಿಳಾ ಗುಂಪು, ಕುವೆಂಪುನಗರ

ಮೊದಲು ಆ ಬೋರ್ಡು ತೆಗೆಯಿರಿ. 'ಹಳೆ ಬಟ್ಟೆ' ಎಂದರೆ ಜನ ಬೀರು ಖಾಲಿ ಮಾಡುತ್ತಾರೆ. ತೂತು ಬನಿಯನ್ನು, ಒಂಟಿ ಸಾಕ್ಸು, ಎಣ್ಣೆ ಹಿಡಿದ ದಿಂಬಿನ ಕವರು ಎಲ್ಲ ಬರುತ್ತದೆ. ಅದನ್ನು ವಿಲೇವಾರಿ ಮಾಡೋ ಕೆಲಸ ನಿಮ್ಮ ತಲೆಗೆ ಸುತ್ತಿಕೊಳ್ಳುತ್ತದೆ. ಹೊಸ ಬೋರ್ಡಿನಲ್ಲಿ ಹೀಗೆ ಬರೆಯಿರಿ: ಒಗೆದ ಕಾಟನ್ ಬೆಡ್‌ಶೀಟ್, ಕರ್ಟನ್, ಜೀನ್ಸ್, ಪಂಚೆ, ಹೊಲಿಸದೆ ಉಳಿದ ಪ್ಯಾಂಟ್ ಪೀಸ್. ಬೇರೆ ಏನೂ ಬೇಡ. 'ಬೇಡ' ಎನ್ನಲು ಸಂಕೋಚ ಪಡಬೇಡಿ. ಕೊಡುವವರಿಗೆ ಒಂದು ಕ್ಷಣ ಬೇಜಾರಾಗಬಹುದು. 'ಬೇಡ' ಎನ್ನದಿದ್ದರೆ ನಿಮ್ಮ ಮನೆ ಹಾಲ್‌ನಲ್ಲಿ ಮೂಟೆ ಆರು ತಿಂಗಳು ಕೂತಿರುತ್ತದೆ.

ಇನ್ನು ಬ್ಲೌಸ್ ಪೀಸ್. ನಮ್ಮ ಕಡೆ ಇದೊಂದು ದೊಡ್ಡ ಕಥೆ. ಗೌರಿ ಹಬ್ಬದ ಬಾಗಿನದಲ್ಲಿ ಬರುತ್ತದೆ, ವರಮಹಾಲಕ್ಷ್ಮಿಗೆ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಗೃಹಪ್ರವೇಶಕ್ಕೆ. ಯಾರೂ ಹೊಲಿಸುವುದಿಲ್ಲ, ಯಾರೂ ಬಿಸಾಡುವುದಿಲ್ಲ. ನಾನು ಕೊಟ್ಟ ಹಸಿರು ಬ್ಲೌಸ್ ಪೀಸ್ ನನ್ನ ಮನೆಗೇ ವಾಪಸು ಬಂದದ್ದುಂಟು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಇದರಲ್ಲಿ ಬಹಳಷ್ಟು ತೆಳುವಾದ ಮಿಶ್ರ ನೂಲು. ಇದೊಂದರಲ್ಲೇ ತರಕಾರಿ ಚೀಲ ಹೊಲಿದರೆ ಎರಡು ಕೆ.ಜಿ. ಈರುಳ್ಳಿಗೇ ಜೋತು ಬೀಳುತ್ತದೆ. ಒಳಗಿನ ಲೈನಿಂಗಿಗೆ ಹಾಕಿ, ಹೊರಗಿನ ಜೇಬಿಗೆ ಹಾಕಿ, ದಾರ ಎಳೆದು ಮುಚ್ಚುವ ಪುಟ್ಟ ಚೀಲ ಮಾಡಿ. ಅಲ್ಲಿ ಅದರ ಬಣ್ಣಗಳು ಸೊಗಸಾಗಿ ಕಾಣುತ್ತವೆ.

ಯಾವ ಬಟ್ಟೆ ಏನು ಅಂತ ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕೆಟ್ಟದ್ದೇನಲ್ಲ. ಗಟ್ಟಿ ಇರುತ್ತದೆ, ಮಳೆಗಾಲದಲ್ಲಿ ಬೇಗ ಒಣಗುತ್ತದೆ. ಇಸ್ತ್ರಿ ಪೆಟ್ಟಿಗೆ ಜಾಸ್ತಿ ಬಿಸಿ ಇಡಬೇಡಿ, ಅಷ್ಟೇ.

ಕರ್ಟನ್ ಬಂದರೆ ಎರಡೂ ಹೆಬ್ಬೆರಳ ನಡುವೆ ಹಿಡಿದು ಜೋರಾಗಿ ಎಳೆಯಿರಿ, ಅದರಲ್ಲೂ ಕಿಟಕಿ ಕಡೆಯ ಅಂಚನ್ನು. ಬಿಸಿಲು ತಿಂದ ಬಟ್ಟೆ ನೋಡಲು ಚೆನ್ನಾಗಿದ್ದರೂ ಪರ್ ಅಂತ ಹರಿಯುತ್ತದೆ. ಹೊಸ ಕಾಟನ್ ಬಂದರೆ ಕತ್ತರಿಸುವ ಮುಂಚೆ ಒಂದು ಸಲ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಕೊಂಡವರ ಮನೆಯಲ್ಲಿ ಚೀಲ ಕುಗ್ಗುತ್ತದೆ. ಬಣ್ಣ ಬಿಡುತ್ತದಾ ಎಂದು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಮ್ಮಮ್ಮನೂ ಹೇಳುತ್ತಿದ್ದರು. ಉಪ್ಪು ಕೆಲಸ ಮಾಡುವುದು ಬಣ್ಣ ಹಾಕುವಾಗ. ಹಾಕಿ ಮುಗಿದ ಮೇಲೆ ಅದರಿಂದ ಏನೂ ಆಗುವುದಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಚೀಲ ಹೊಸದು. ಎಷ್ಟು ಅಳತೆ ಇಟ್ಟುಕೊಳ್ಳಲಿ? ಹೊಲಿದ ಎರಡು ಚೀಲದ ಹಿಡಿಕೆಯೂ ಕಿತ್ತು ಬಂತು.
– ಮದ್ದೂರಿನ ಓದುಗರು

ಸಂತೆಗೆ ಹೋಗುವ ಚೀಲ 14 ಇಂಚು ಅಗಲ, 16 ಇಂಚು ಎತ್ತರ, ತಳ 4 ಇಂಚು ಇದ್ದರೆ ಎಲ್ಲರಿಗೂ ಸರಿ. ಅದಕ್ಕೆ 19 ಇಂಚು ಅಗಲ, 20 ಇಂಚು ಎತ್ತರದ ಎರಡು ತುಂಡು ಕತ್ತರಿಸಿ. ಅರ್ಧ ಇಂಚು ಹೊಲಿಗೆಗೆ, ಒಂದೂವರೆ ಇಂಚು ಮೇಲಿನ ಮಡಿಕೆಗೆ ಇದರಲ್ಲೇ ಸೇರಿದೆ. ಎರಡೂ ತುಂಡಿನ ಕೆಳಗಿನ ಮೂಲೆಗಳಲ್ಲಿ 2 ಇಂಚಿನ ಚೌಕ ತೆಗೆಯಿರಿ. ಪಕ್ಕ, ತಳ ಹೊಲಿದ ಮೇಲೆ ಆ ಮೂಲೆ ಬಿಡಿಸಿ, ಪಕ್ಕದ ಹೊಲಿಗೆಯನ್ನು ತಳದ ಹೊಲಿಗೆ ಮೇಲೆ ಕೂರಿಸಿ ಅಡ್ಡ ಹೊಲಿಯಿರಿ. 4 ಇಂಚಿನ ತಳ ತಾನೇ ಬರುತ್ತದೆ. 44 ಇಂಚು ಪನ್ನದ (ಅಗಲದ) ಬಟ್ಟೆ ಒಂದು ಮೀಟರ್ ಇದ್ದರೆ ಸರಿಯಾಗಿ ಎರಡು ಚೀಲ. ಹಿಡಿಕೆಗೆ ಬೇರೆ ಬಟ್ಟೆ ಬೇಕು. ಹಳೆ ಜೀನ್ಸಿನ ಕಾಲು ಅದಕ್ಕೆ ಹೇಳಿ ಮಾಡಿಸಿದ್ದು.

ಹಿಡಿಕೆ ಕಿತ್ತದ್ದು ಏಕೆ ಎಂದು ನೋಡದೆಯೇ ಹೇಳಬಲ್ಲೆ. ಮೇಲಿನ ಮಡಿಕೆಯೊಳಗೆ ತುದಿ ತೂರಿಸಿ ಒಂದೇ ಸಾಲು ಹೊಲಿಗೆ ಹಾಕಿದ್ದೀರಿ, ಅಲ್ವಾ? ಬ್ಲೌಸಿಗೆ ಆ ಹೊಲಿಗೆ ಸಾಕು, ಏಕೆಂದರೆ ಬ್ಲೌಸಿನಲ್ಲಿ ಯಾರೂ ತೆಂಗಿನಕಾಯಿ ಹೊರುವುದಿಲ್ಲ. ಹಿಡಿಕೆಯ ತುದಿ ಚೀಲದ ಮೈ ಮೇಲೆ ಎರಡೂವರೆ ಇಂಚು ಇಳಿಯಲಿ. ಸುತ್ತ ಚೌಕ, ಚೌಕದೊಳಗೆ ಅಡ್ಡಡ್ಡ ಗುಣಾಕಾರದ ಗುರುತು ಬರುವಂತೆ ಹೊಲಿಯಿರಿ. ಒಳಗಡೆ ಒಂದು ಗಟ್ಟಿ ತುಂಡು ಇಟ್ಟು ಸೇರಿಸಿ ಹೊಲಿದರೆ ಇನ್ನೂ ಒಳ್ಳೆಯದು. ಆಮೇಲೆ 5 ಕೆ.ಜಿ. ಅಕ್ಕಿ ತುಂಬಿ ರಾತ್ರಿಯಿಡೀ ಬಾಗಿಲ ಚಿಲಕಕ್ಕೆ ನೇತುಹಾಕಿ. ಬೆಳಿಗ್ಗೆ ಹೊಲಿಗೆ ಬಾಯಿ ಬಿಟ್ಟಿರದಿದ್ದರೆ ಮಾರಿ.

ಅಮ್ಮನ ಕಾಲಿನ ಮೆಷಿನ್ನಿದೆ. ಜೀನ್ಸ್ ಬಂದರೆ ಹೊಲಿಗೆ ಬಿಡುತ್ತದೆ. ಮೋಟರ್ ಹಾಕಿಸಲೇ?
– ಪಾಂಡವಪುರ

ಬೇಡ. ಸೂಜಿ ಬದಲಿಸಿ. ಮಾಮೂಲಿ ಕಾಟನ್ನಿಗೆ 14ರ ಸೂಜಿ, ಜೀನ್ಸಿಗೆ 16, ಕ್ಯಾನ್ವಾಸಿಗೆ 18. ದಾರ ಪಾಲಿಯೆಸ್ಟರ್ ಇರಲಿ. ಹೊಲಿಗೆಯ ಉದ್ದ ಸ್ವಲ್ಪ ಜಾಸ್ತಿ ಮಾಡಿ. ನಾಲ್ಕು ಪದರ ಸೇರುವ ಕಡೆ ಕಾಲು ನಿಲ್ಲಿಸಿ, ಚಕ್ರ ಕೈಯಲ್ಲಿ ತಿರುಗಿಸಿ. ಆ ಮೆಷಿನ್ನು ಇನ್ನೊಂದು ತಲೆಮಾರು ಬಾಳುತ್ತದೆ.

ನೂರು ರೂಪಾಯಿ ಚೀಲ ಎಂದರೆ 'ಬಟ್ಟೆ ಪುಕ್ಕಟೆ ಬಂದಿದೆ ತಾನೆ, ಇಷ್ಟೇಕೆ?' ಎನ್ನುತ್ತಾರೆ. ಏನು ಹೇಳಲಿ?
– ಒಂಟಿಕೊಪ್ಪಲು

ಲೆಕ್ಕ ಹೇಳಿ. ನಮ್ಮದನ್ನೇ ಹೇಳುತ್ತೇನೆ. ಒಗೆದು ಇಸ್ತ್ರಿ ಮಾಡಲು 6 ರೂಪಾಯಿ. ದಾರ, ಸೂಜಿ 4. ಹಿಡಿಕೆಯ ಪಟ್ಟಿ 12. ಹೊಲಿಗೆ ಕೂಲಿ 35. ಒಟ್ಟು 57. ನೂರಕ್ಕೆ ಮಾರಿದರೆ ಶಾಲೆಗೆ 43 ಉಳಿಯುತ್ತದೆ. ಎಪ್ಪತ್ತಕ್ಕೆ ಇಳಿಸಿದರೆ 13. ಹದಿಮೂರು ರೂಪಾಯಿಗೆ ಇಷ್ಟೆಲ್ಲ ಹರಸಾಹಸ ಏಕೆ? ಸುಮ್ನೆ ಆ ದುಡ್ಡನ್ನು ಜೇಬಿನಿಂದಲೇ ಕೊಟ್ಟುಬಿಡಬಹುದು.

ಇನ್ನೊಂದು ಮಾತು. 'ಬಡ ಮಕ್ಕಳಿಗೆ ಸಹಾಯ ಮಾಡಿ, ಒಂದು ಚೀಲ ತಗೊಳ್ಳಿ' ಎಂದು ಮಾರಬೇಡಿ. ಹಾಗೆ ಕೊಂಡ ಚೀಲ ಬೀರು ಸೇರುತ್ತದೆ, ಕೊಂಡವರು ಎರಡನೇ ಸಲ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಮೊದಲು ಚೀಲ ಕೈಗೆ ಕೊಡುತ್ತೇವೆ. ಒಳಗೆ ಕೈ ಹಾಕಿ, ತಳ ನೋಡಿ, ಹಿಡಿಕೆ ಎಳೆದು ನೋಡಲಿ. ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದು ಕೊನೆಗೆ, ಅವರು ಕೇಳಿದರೆ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು, ಬಾಳೆಹಣ್ಣು, ಹೂವು ಒಟ್ಟಿಗೆ ಕೊಳ್ಳುವ ಹೆಂಗಸಿಗೆ ಹೂವು ನಲುಗದ ಹಾಗೆ ಒಂದು ಒಳಜೇಬು ಇದ್ದರೆ ಆಕೆ ಚೌಕಾಸಿಯನ್ನೇ ಮರೆಯುತ್ತಾಳೆ.

'ಅಂಗಡಿಯಲ್ಲಿ ಹತ್ತು ರೂಪಾಯಿಗೆ ಬಟ್ಟೆ ಚೀಲ ಕೊಡುತ್ತಾರೆ' ಎನ್ನುವವರೂ ಇದ್ದಾರೆ. ಅದು ಬಟ್ಟೆ ಅಲ್ಲ. ನೂಲು ನೇಯದೆ ಒತ್ತಿ ಮಾಡಿದ ಆ ತೆಳು ಚೀಲ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆದದ್ದು 2016ರಲ್ಲಿ. ಆಮೇಲೆ ಅದರ ಜಾಗಕ್ಕೆ ಇದು ಬಟ್ಟೆಯ ವೇಷ ಹಾಕಿ ಬಂತು. ಅದರ ಚೂರೊಂದನ್ನೂ ಸುಟ್ಟು ನೋಡಿ, ಕರಗಿ ಮಣಿಯಾಗುತ್ತದೆ.

ಮಗಳ ಮದುವೆಗೆ 300 ತಾಂಬೂಲದ ಚೀಲ ಬೇಕು. ದಾನದ ಬಟ್ಟೆಯಲ್ಲಿ ಒಂದೇ ಥರದ್ದು ಸಿಗುತ್ತದಾ?
– ಮಂಡ್ಯ

ಒಂದೇ ಬಣ್ಣ ಸಿಗುವುದಿಲ್ಲ, ಒಂದೇ ಅಳತೆ ಸಿಗುತ್ತದೆ. ಅಳತೆ ಮತ್ತು ಹಿಡಿಕೆಯ ಬಣ್ಣ ಒಂದೇ ಇದ್ದರೆ ಸಾಕು, ಮೈ ಬಣ್ಣ ಬೇರೆ ಬೇರೆ ಇದ್ದಷ್ಟೂ ಛತ್ರದ ಬಾಗಿಲಲ್ಲಿ ಕಳೆ ಬರುತ್ತದೆ. ಕೊಡುವಾಗ 'ನಂಗೆ ಆ ನೀಲಿದು' ಎಂದು ಜನ ಆರಿಸಿಕೊಳ್ಳುವುದನ್ನು ನೋಡಬೇಕು ನೀವು. ತೆಂಗಿನಕಾಯಿ, ಎಲೆ ಅಡಿಕೆ, ಒಂದು ಸಿಹಿ ಪೊಟ್ಟಣ ಹಿಡಿಯಲು 9 ಇಂಚು ಅಗಲ, 10 ಇಂಚು ಎತ್ತರ, 3 ಇಂಚು ತಳ ಬೇಕು. ಕಡಿಮೆ ಮಾಡಿದರೆ ಕಾಯಿ ಮೇಲೆ ಇಣುಕುತ್ತದೆ.

ನನ್ನ ಸಲಹೆ: ಬಟ್ಟೆಯನ್ನು ನಿಮ್ಮ ಮನೆಯವರಿಂದಲೇ ಕೇಳಿ. ಅಜ್ಜಿ, ಅತ್ತೆ, ಚಿಕ್ಕಮ್ಮ ಉಟ್ಟು ಬಿಟ್ಟ ಕಾಟನ್ ಸೀರೆಗಳು. ಹರಿಯದ ಐದೂವರೆ ಮೀಟರ್ ಸೀರೆಯಲ್ಲಿ ಈ ಅಳತೆಯ ಇಪ್ಪತ್ತಕ್ಕೂ ಹೆಚ್ಚು ಚೀಲ ಬರುತ್ತವೆ. ಹದಿನೈದು ಸೀರೆ ಹೊಂದಿಸಿ ಕೊಟ್ಟರೆ ಮುಗಿಯಿತು. ಹೊಲಿಯುವ ಗುಂಪಿನವರಿಗೆ ಒಂದು ಮಾತು: ಮುಂಗಡ ಅರ್ಧ ತೆಗೆದುಕೊಳ್ಳಿ. ನೆಂಟರ ಮದುವೆಯಾದರೂ ಸರಿ. ನೆಂಟರದ್ದಾದರೆ ಇನ್ನೂ ಮುಖ್ಯ.

ಅಜ್ಜಿಯ ಮೈಸೂರು ಸಿಲ್ಕ್ ಸೀರೆ ಮಡಿಕೆಯಲ್ಲಿ ಸೀಳಿದೆ. ನಿಮ್ಮ ಗುಂಪಿಗೆ ಕೊಡಬೇಕೆಂದಿದ್ದೇನೆ. ಕತ್ತರಿಸುತ್ತೀರಾ?
– ವಿದ್ಯಾರ್ಥಿನಿ, ಚಾಮರಾಜಪುರಂ

ಕತ್ತರಿ ಹಾಕುವ ಮುಂಚೆ ಜರಿ ಪರೀಕ್ಷೆ ಮಾಡಿಸಿ. ಮೈಸೂರು ಸಿಲ್ಕ್ ನೇಯುವ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾದದ್ದು. ಅಲ್ಲಿನ ಸೀರೆಯ ಜರಿಯಲ್ಲಿ ನಿಜವಾದ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ ಇರುತ್ತದೆ. ಹಳೇ ಜರಿ ಕೊಳ್ಳುವವರು ಇದ್ದಾರೆ. ಒಬ್ಬರನ್ನೇ ನಂಬದೆ ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ. ನಾವು ಆ ಸೀರೆಯಲ್ಲಿ ಹತ್ತಾರು ಪರ್ಸು ಹೊಲಿದು ಗಳಿಸುವುದಕ್ಕಿಂತ ಅಂಚು ಮಾರಿದ ದುಡ್ಡೇ ಜಾಸ್ತಿ ಆಗಬಹುದು. ಆ ದುಡ್ಡು ಕೊಟ್ಟರೂ ಅದು ದಾನವೇ. ಉಳಿದ ಮೈ ಬಟ್ಟೆಗೆ ಹಿಂದೆ ಕಾಟನ್ ಕೊಟ್ಟರೆ ಚಂದದ ಪುಟ್ಟ ಪರ್ಸುಗಳಾಗುತ್ತವೆ. ರೇಷ್ಮೆ ಜಾರುತ್ತದೆ, ಪಿನ್ನು ಗುರುತು ಉಳಿಸುತ್ತದೆ. ಕಾಟನ್ನಿನ ಜೊತೆ ಕೈಯಲ್ಲಿ ದೊಡ್ಡ ಹೊಲಿಗೆ ಹಾಕಿ ಹಿಡಿದಿಟ್ಟು, ಆಮೇಲೆ ಮೆಷಿನ್ನಿಗೆ ಕೊಡಬೇಕು. ಅಷ್ಟೆಲ್ಲ ಆದ ಮೇಲೂ ಒಂದು ಪರ್ಸು ನಿಮ್ಮಮ್ಮನಿಗೆ ಉಳಿಸಿಕೊಳ್ಳಿ.

ಸೇವೆಯ ಕೆಲಸ ಎಂದಮೇಲೆ ಹೊಲಿಯುವವರಿಗೆ ಕೂಲಿ ಕೊಡಬೇಕಾ? ನಮ್ಮ ಸಂಘದಲ್ಲಿ ಇದೇ ಜಗಳ.
– ಶ್ರೀರಂಗಪಟ್ಟಣ

ಕೊಡಬೇಕು. ಪಿಂಚಣಿ ಬರುವ ನನ್ನಂಥವಳು ಬಿಟ್ಟಿ ಹೊಲಿದರೆ ನನಗೇನೂ ನಷ್ಟವಿಲ್ಲ. ಆದರೆ ಅದೇ ಬೀದಿಯಲ್ಲಿ ಫಾಲ್ಸು ಹಾಕಿ, ಬ್ಲೌಸು ಹೊಲಿದು ಮನೆ ನಡೆಸುವ ಹೆಂಗಸಿದ್ದಾಳೆ. ನಾನು ಬಿಟ್ಟಿ ಮಾಡಿದ್ದನ್ನು ತೋರಿಸಿ ಆಕೆಗೂ 'ನೀನೂ ಬಿಟ್ಟಿ ಮಾಡು' ಎನ್ನುವುದು ಯಾವ ಸೇವೆ? ಇತರರ ಮಕ್ಕಳ ನೋಟ್‌ಬುಕ್ಕಿಗೆ ಆಕೆಯ ಮಕ್ಕಳ ಊಟ ಏಕೆ ಖರ್ಚಾಗಬೇಕು? ನಮ್ಮಲ್ಲಿ ಎಲ್ಲರಿಗೂ ಚೀಲಕ್ಕಿಷ್ಟು ಎಂದು ಕೂಲಿ ಉಂಟು. ಬೇಡ ಎನ್ನುವವರು ತೆಗೆದುಕೊಂಡು ಡಬ್ಬಿಗೆ ವಾಪಸು ಹಾಕುತ್ತಾರೆ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಯಾರೂ ನೋಡುವುದಿಲ್ಲ. ಡಬ್ಬಿಯ ಮುಚ್ಚಳದಲ್ಲಿ ತೂತು ಇರುವುದೇ ಅದಕ್ಕೆ.

ಚೀಲ ಕೊಂಡವರು 80ಜಿ (ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ) ರಸೀದಿ ಕೇಳುತ್ತಾರೆ. ಕೊಡಬಹುದೇ?
– ನಂಜನಗೂಡು

ಇಲ್ಲ. ಚೀಲ ಕೊಂಡದ್ದು ವ್ಯಾಪಾರ, ದಾನವಲ್ಲ. ಬಟ್ಟೆ ಕೊಟ್ಟವರಿಗೂ ಆ ರಿಯಾಯಿತಿ ಇಲ್ಲ, ವಸ್ತು ರೂಪದ ದಾನಕ್ಕೆ ಅದು ಅನ್ವಯಿಸುವುದಿಲ್ಲ. ದುಡ್ಡೇ ಕೊಟ್ಟರೂ 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟಿರಬೇಕು, ನಗದಾದರೆ 2,000 ರೂಪಾಯಿ ಮೀರಿರಬಾರದು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇದು ಯಾವುದೂ ಇಲ್ಲ. ರಸೀದಿಗಿಂತ ಲೆಕ್ಕದ ಪುಸ್ತಕ ಇಡಿ. ಎಷ್ಟು ಮಾರಿತು, ಎಷ್ಟು ಖರ್ಚು, ಶಾಲೆಗೆ ಎಷ್ಟು ಹೋಯಿತು ಎಂಬ ಒಂದು ಹಾಳೆಯನ್ನು ಮಾರುವ ಮೇಜಿನ ಮೇಲೇ ಅಂಟಿಸಿ. ಓದುವವರು ಕಡಿಮೆ. ಆದರೂ ಅಂಟಿಸಿ.

ಹಳೆ ಫ್ಲೆಕ್ಸ್ ಬ್ಯಾನರುಗಳು ರಾಶಿ ಇವೆ. ಚೀಲಕ್ಕೆ ಬರುತ್ತವಾ?
– ಮಳವಳ್ಳಿ

ತರಕಾರಿಗೆ ಬೇಡ. ಅದು ಪಿವಿಸಿ ಎಂಬ ಪ್ಲಾಸ್ಟಿಕ್ ಹಚ್ಚಿದ ಬಟ್ಟೆ, ಬಿಸಿಲಿಗೆ ವಾಸನೆ ಬರುತ್ತದೆ. ಹಾರೆ, ಗುದ್ದಲಿ, ಕೊಬ್ಬರಿ ಸಿಪ್ಪೆ ಹಾಕುವ ಚೀಲ ಮಾಡಿ ಮನೆಯಲ್ಲಿಟ್ಟುಕೊಳ್ಳಿ. ಯಾರದೋ ಹುಟ್ಟುಹಬ್ಬದ ಮುಖ ಒಳಮೈಗೆ ಬರುವಂತೆ ಹೊಲಿಯಿರಿ, ನಾಯಕರ ಅಭಿಮಾನಿಗಳು ನೋಡಿದರೆ ಕಷ್ಟ.

ಹೊಸದಾಗಿ ಗುಂಪು ಕಟ್ಟಬೇಕು. ಯಾವಾಗ ಶುರು ಮಾಡಿದರೆ ಒಳ್ಳೆಯದು?
– ಕೆ.ಆರ್. ಪೇಟೆ

ಆಷಾಢದಲ್ಲಿ. ನಗಬೇಡಿ. ಆಷಾಢದಲ್ಲಿ ಮದುವೆ ಇಲ್ಲ, ಟೈಲರುಗಳ ಕೈ ಖಾಲಿ, ಅಂಚಿನ ಎಳೆ ಬಿಚ್ಚದಂತೆ ಹೊಲಿದುಕೊಡುವ ಓವರ್‌ಲಾಕ್ ಅಂಗಡಿಯಲ್ಲಿ ಕ್ಯೂ ಇಲ್ಲ. ಆ ತಿಂಗಳಲ್ಲಿ ಹೊಲಿದು ಇಟ್ಟರೆ ಶ್ರಾವಣದ ವರಮಹಾಲಕ್ಷ್ಮಿಗೆ, ಗೌರಿ ಹಬ್ಬಕ್ಕೆ ತಾಂಬೂಲದ ಚೀಲ ಕೇಳಿಕೊಂಡು ಜನರೇ ಬರುತ್ತಾರೆ. ದಸರಾ ಹೊತ್ತಿಗೆ ದೊಡ್ಡ ಚೀಲಗಳು ಹೋಗುತ್ತವೆ. ಒಂದೇ ತೊಂದರೆ, ಒಗೆದ ಬಟ್ಟೆ ಒಣಗುವುದಿಲ್ಲ. ಒದ್ದೆ ಬಟ್ಟೆ ಮಡಿಸಿಟ್ಟರೆ ಬೂಷ್ಟು ಹಿಡಿದು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದ ಬಟ್ಟೆ ಕೇಳುವುದು, ಒಗೆಯುವುದು, ಕತ್ತರಿಸುವುದು ವೈಶಾಖದ ಬಿಸಿಲಿನಲ್ಲೇ ಮುಗಿಯಲಿ. ನಿಮ್ಮ ಊರಿನಲ್ಲಿ ಮನೆ ಮನೆಗೂ ಟೆರೇಸ್ ಇದೆಯಲ್ಲ, ನಾಲ್ಕು ಮನೆಯವರ ಹಗ್ಗ ಕೇಳಿ ಇಟ್ಟುಕೊಳ್ಳಿ.